ಒಂದೇ ಎತ್ತಿನಗಾಡಿ, ನಾಲ್ಕು ಪುಸ್ತಕ

ಏಪ್ರಿಲ್ ಹತ್ತಿರ ಬಂತೆಂದರೆ ಊರಿನ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ: ಮಕ್ಕಳಿಗೆ ಓದಲು ಅಂಬೇಡ್ಕರ್ ಅವರ ಬಗ್ಗೆ ಯಾವ ಪುಸ್ತಕ ಕೊಡಿಸಲಿ? ಬಹಳ ವರ್ಷ ನಾನು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪುಸ್ತಕದ ಹೆಸರು ಹೇಳಿ ಕಳಿಸುತ್ತಿದ್ದೆ. ಕಳೆದ ಬೇಸಿಗೆ ರಜೆಯಲ್ಲಿ ಹಾಗೆ ಮಾಡಲು ಮನಸ್ಸು ಬರಲಿಲ್ಲ. ನಮ್ಮೂರ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಭಾನುವಾರ ಬೆಳಗ್ಗೆ ಚಾಪೆ ಹಾಸಿ ಓದಿಸುವ ಅಭ್ಯಾಸ ನನಗೆ ಮೊದಲೇ ಇತ್ತು. ಒಂಬತ್ತರಿಂದ ಹದಿಮೂರು ವರ್ಷದ ಹನ್ನೊಂದು ಮಕ್ಕಳು ಬರುತ್ತಿದ್ದರು. ಊರೊಳಗಿನವರೂ ಇದ್ದರು, ಕೇರಿಯವರೂ ಇದ್ದರು. ಒಂದೇ ಬದುಕನ್ನು, ಅದರಲ್ಲೂ ಒಂದೇ ಘಟನೆಯನ್ನು, ನಾಲ್ಕು ಪುಸ್ತಕಗಳಲ್ಲಿ ಅವರ ಜೊತೆ ಓದಿ ನೋಡಿದೆ.

ಆರಿಸಿಕೊಂಡದ್ದು 1901ರ ಗೋರೆಗಾಂವ್ ಪ್ರಯಾಣ. ಆಗ ಭೀಮರಾವ್‌ಗೆ ಹತ್ತು ವರ್ಷ. ನನ್ನ ಚಾಪೆಯ ಮೇಲೆ ಕೂರುವವರ ವಯಸ್ಸು. ಮನೆ ಸತಾರಾದಲ್ಲಿ, ಅಪ್ಪ ರಾಮಜಿ ಗೋರೆಗಾಂವ್‌ನಲ್ಲಿ ನೌಕರಿಯಲ್ಲಿದ್ದರು. ರಜೆಗೆ ಬನ್ನಿ ಎಂದು ಅಪ್ಪ ಕಾಗದ ಬರೆದರು. ಭೀಮ, ಅವನ ಅಣ್ಣ, ತೀರಿಹೋದ ಅಕ್ಕನ ಮಕ್ಕಳು ಹೊಸ ಬಟ್ಟೆ ತೊಟ್ಟು ರೈಲು ಹತ್ತಿ ಸಂಜೆ ಮಸೂರು ನಿಲ್ದಾಣದಲ್ಲಿ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ತಾವು ಹೊರಟ ಸುದ್ದಿ ಹೊತ್ತ ಕಾಗದ ಅಪ್ಪನ ಕೈ ಸೇರಿಯೇ ಇರಲಿಲ್ಲ. ಅದನ್ನು ಕೊಡಬೇಕಿದ್ದ ಜವಾನ ಮರೆತಿದ್ದ. ಅಲ್ಲಿಂದ ಗೋರೆಗಾಂವ್ ತಲುಪಲು ಒಂದು ರಾತ್ರಿ ಹಿಡಿಯಿತು. ಆ ರಾತ್ರಿಯನ್ನು ಯಾವ ಪುಸ್ತಕ ಹೇಗೆ ಹೇಳುತ್ತದೆ ಎಂಬುದೇ ನನ್ನ ಅಳತೆಗೋಲು.

ಮೊದಲ ವಾರ ಓದಿದ್ದು ಮಹನೀಯರ ಜೀವನಚರಿತ್ರೆಯ ಒಂದು ಕಿರುಪುಸ್ತಕ. ಪ್ರಕಾಶಕರ ಹೆಸರು ಬೇಡ, ಆ ಬಗೆಯವು ಹತ್ತಾರಿವೆ. ಕಿರುಪುಸ್ತಕಗಳನ್ನು ನಾನು ಹಗುರವಾಗಿ ಕಾಣುವವಳಲ್ಲ. ಎಲ್.ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ಬಂದ ಭಾರತ-ಭಾರತಿ ಪುಸ್ತಕ ಸಂಪದದ 510 ಪುಟ್ಟ ಪುಸ್ತಕಗಳಲ್ಲಿ ಎಷ್ಟನ್ನೋ ಲಂಗದ ಜೇಬಿನಲ್ಲಿ ಇಟ್ಟುಕೊಂಡು ಬೆಳೆದವಳು ನಾನು. ಅಂಗೈಯಗಲದ ಪುಸ್ತಕ, ಒಂದು ಮಧ್ಯಾಹ್ನಕ್ಕೆ ಒಂದು ಬದುಕು ಓದಿ ಮುಗಿಯುತ್ತಿತ್ತು. ಓದುವ ಚಟ ಹತ್ತಿದ್ದೇ ಹಾಗೆ. ಆದರೆ ಮಕ್ಕಳ ಮುಂದೆ ಹಿಡಿದ ಈ ಪುಸ್ತಕದಲ್ಲಿ ಮಸೂರಿನ ರಾತ್ರಿಗೆ ಸಿಕ್ಕಿದ್ದು ನಾಲ್ಕೇ ಸಾಲು. ಅದರಲ್ಲೂ ಒಂದು ಕ್ರಿಯಾಪದ ನನ್ನ ಕಣ್ಣಿಗೆ ಚುಚ್ಚಿತು. ನೀರು ‘ನಿರಾಕರಿಸಲ್ಪಟ್ಟಿತು’ ಎಂದಿತ್ತು.

ಯಾರು ನಿರಾಕರಿಸಿದರು? ಕನ್ನಡದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಪಕ್ಕದ ಮನೆಯವರು ನೀರು ಕೊಡದಿದ್ದರೆ ‘ಅವರು ಕೊಡಲಿಲ್ಲ’ ಎನ್ನುತ್ತೇವೆ. ‘ಲ್ಪಟ್ಟಿತು’ ಬಂದ ಕಡೆಯೆಲ್ಲ ಮಾಡಿದವನು ಮರೆಯಾಗುತ್ತಾನೆ. ಪೆನ್ಸಿಲ್ ಹಿಡಿದು ಆ ಪುಸ್ತಕವಿಡೀ ಹುಡುಕಿದೆ. ಅಸ್ಪೃಶ್ಯತೆ ‘ಆಚರಿಸಲ್ಪಡುತ್ತಿತ್ತು’, ಮಕ್ಕಳು ‘ದೂರವಿಡಲ್ಪಟ್ಟಿದ್ದರು’. ಜನ್ಮದಿನ, ಪದವಿಗಳು, ಸಂವಿಧಾನ ರಚನೆ ಎಲ್ಲ ಸರಿಯಾಗಿಯೇ ಇದ್ದವು. ಓದಿ ಮುಗಿಸಿ, ಏನಾದರೂ ಕೇಳುವುದಿದೆಯಾ ಎಂದರೆ ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬಳು ಮಾತ್ರ, ‘ಅಕ್ಕಾ, ಭಾಷಣಕ್ಕೆ ಇದನ್ನ ಬರ್ಕೊಳ್ಲಾ?’ ಎಂದಳು.

ಎರಡನೇ ವಾರ ಚಿತ್ರಕಥೆ. ಚಿತ್ರಕಥೆ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಅಮರ ಚಿತ್ರಕಥೆಯೇ. 1967ರಲ್ಲಿ ಅದನ್ನು ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರು. ಅಂಬೇಡ್ಕರ್ ಕುರಿತ ಸಂಚಿಕೆಯೂ ಆ ಮಾಲಿಕೆಯಲ್ಲಿದೆ. ಓದಲು ತಡವರಿಸುವ ಮಗುವೂ ಚಿತ್ರಕಥೆಯನ್ನು ಕೈಯಿಂದ ಬಿಡುವುದಿಲ್ಲ, ಇದು ಪ್ರತಿ ಸಲವೂ ನಾನು ಕಂಡ ಮಾತು. ಅಕ್ಷರ ಕೂಡಿಸಿ ಓದುವ ಒಬ್ಬ ಹುಡುಗ ಅವತ್ತು ಮೂರು ಸಲ ತಿರುವಿ ಹಾಕಿದ. ಮೂವತ್ತೆರಡು ಪುಟದಲ್ಲಿ ಒಂದು ಇಡೀ ಆಯುಷ್ಯ ಹಿಡಿಸಬೇಕಾದ್ದರಿಂದ ಕಥೆ ಓಡುತ್ತಲೇ ಇರುತ್ತದೆ. ಒಂದು ಚೌಕದಲ್ಲಿ ಅವಮಾನ, ಮುಂದಿನ ಚೌಕಗಳಲ್ಲಿ ಓದು, ಹಡಗು, ವಿದೇಶ. ಗಾಯ ಮಾಯುವುದಕ್ಕೆ ಮೊದಲೇ ನಾಯಕ ದೊಡ್ಡವನಾಗಿಬಿಡುತ್ತಾನೆ. ಆದರೂ ಇಲ್ಲಿ ಮುಖಗಳಿವೆ. ನೂಕುವವನಿಗೆ, ಗದರುವವನಿಗೆ ಚಿತ್ರಕಾರ ಮುಖ ಬರೆಯಲೇಬೇಕು. ಚಿತ್ರದಲ್ಲಿ ‘ಲ್ಪಟ್ಟಿತು’ ಬರೆಯಲು ಬರುವುದಿಲ್ಲ. ಆ ಕಾರಣಕ್ಕೇ ನಾನು ಚಿತ್ರಕಥೆಯನ್ನು ಕಿರುಪುಸ್ತಕಕ್ಕಿಂತ ಒಂದು ಮೆಟ್ಟಿಲು ಮೇಲೆ ಇಡುತ್ತೇನೆ.

ಮೂರನೆಯದು ‘ಭೀಮಾಯಣ’. 2011ರಲ್ಲಿ ನವಯಾನ ಹೊರತಂದದ್ದು. ಚಿತ್ರ ಬರೆದವರು ಪರಧಾನ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್, ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ನನ್ನಲ್ಲಿದ್ದದ್ದು ಇಂಗ್ಲಿಷ್ ಪ್ರತಿ. ಪುಟ ತೋರಿಸುತ್ತಾ ಕನ್ನಡದಲ್ಲಿ ಹೇಳುತ್ತಾ ಹೋದೆ. ಮಕ್ಕಳು ನನ್ನ ಮಾತಿಗಿಂತ ಹೆಚ್ಚು ಪುಟವನ್ನೇ ನೋಡುತ್ತಿದ್ದರು. ಇದರಲ್ಲಿ ಚೌಕಗಳೇ ಇಲ್ಲ. ಗೊಂಡರು ಗೋಡೆ, ನೆಲದ ಮೇಲೆ ಬರೆಯುವ ಅಂಚಿನ ವಿನ್ಯಾಸವೇ ಹಾವಿನಂತೆ ಹರಿದು ಪುಟವನ್ನು ಭಾಗ ಮಾಡುತ್ತದೆ. ಮಾತಿನ ಗುಳ್ಳೆಗಳಲ್ಲೂ ಒಂದು ಕ್ರಮವಿದೆ. ಮೃದು ಮಾತು ಹಕ್ಕಿಯಾಕಾರದ ಗುಳ್ಳೆಯಲ್ಲಿ, ಜಾತಿಯ ವಿಷ ಕಾರುವ ಮಾತು ಚೇಳಿನ ಕೊಂಡಿಯಿರುವ ಗುಳ್ಳೆಯಲ್ಲಿ. ಇದನ್ನು ನಾನು ವಿವರಿಸಲೇ ಇಲ್ಲ. ನಾಲ್ಕನೇ ಕ್ಲಾಸಿನ ಹುಡುಗಿ ಎರಡನೇ ಚೇಳು ಕಂಡ ಕೂಡಲೇ ಬೆರಳಿಟ್ಟು, ‘ಇವ್ನೂ ಕುಟುಕ್ತಾನೆ’ ಎಂದಳು. ಅಲ್ಲಿಂದ ಮುಂದೆ ಯಾವ ಮಾತು ಕುಟುಕುತ್ತದೆ, ಯಾವುದು ಕುಟುಕುವುದಿಲ್ಲ ಎಂದು ಮಕ್ಕಳೇ ಎಣಿಸತೊಡಗಿದರು. ಯಾರು ಮಾಡಿದರು ಎಂಬುದನ್ನು ಇಷ್ಟು ಸ್ಪಷ್ಟವಾಗಿ, ಆದರೆ ಒಂದು ಬೈಗುಳವೂ ಇಲ್ಲದೆ ತೋರಿಸಿದ ಮಕ್ಕಳ ಪುಸ್ತಕವನ್ನು ನಾನು ಬೇರೆ ಕಂಡಿಲ್ಲ.

ತೊಡಕುಗಳೂ ಇವೆ. ಮೀಸಲಾತಿಯ ಬಗ್ಗೆ ಗೊಣಗುವ ಒಬ್ಬ ಯುವಕನಿಗೆ ಬಸ್ ನಿಲ್ದಾಣದಲ್ಲಿ ಒಬ್ಬಾಕೆ ಕಥೆ ಹೇಳುವಂತೆ ಪುಸ್ತಕ ಹೆಣೆಯಲಾಗಿದೆ. ಹದಿಮೂರರ ಮಕ್ಕಳಿಗೆ ಅದು ತಟ್ಟಿತು, ಒಂಬತ್ತರವರಿಗೆ ಅರ್ಥವಾಗಲಿಲ್ಲ. ನಡುನಡುವೆ ಈಚಿನ ದೌರ್ಜನ್ಯಗಳ ಸುದ್ದಿ ತುಣುಕುಗಳಿವೆ, ಅದರಲ್ಲಿ 2006ರಲ್ಲಿ ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ನಡೆದ ದಲಿತ ಕುಟುಂಬದ ಕೊಲೆಯೂ ಇದೆ. ಚಿಕ್ಕವರ ಮುಂದೆ ತೆರೆಯುವ ಮೊದಲು ದೊಡ್ಡವರು ಒಮ್ಮೆ ಪೂರ್ತಿ ಓದಿಕೊಳ್ಳಬೇಕು. ನಾನು ಆ ಪುಟಗಳನ್ನು ದೊಡ್ಡ ಮಕ್ಕಳಿಗಷ್ಟೇ, ಚಿಕ್ಕವರು ಮನೆಗೆ ಹೋದ ಮೇಲೆ ಓದಿದೆ.

ನಾಲ್ಕನೇ ವಾರಕ್ಕೆ ಉಳಿಸಿಕೊಂಡದ್ದು ಮಕ್ಕಳಿಗಾಗಿ ಬರೆದ ಪುಸ್ತಕವೇ ಅಲ್ಲ. ಅಂಬೇಡ್ಕರ್ ತಮ್ಮ ಅನುಭವಗಳನ್ನು ತಾವೇ ಬರೆದ ‘ವೇಟಿಂಗ್ ಫಾರ್ ಎ ವೀಸಾ’. ಕೆಲವೇ ಪುಟಗಳ ಬರಹ, ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1990ರಲ್ಲಿ. ಚಿತ್ರವಿಲ್ಲ, ಬಣ್ಣವಿಲ್ಲ. ಮೊದಲ ಭಾಗವನ್ನು ಸಾಲುಸಾಲಾಗಿ ಕನ್ನಡ ಮಾಡುತ್ತಾ ಓದಿದೆ. ಮಕ್ಕಳು ಹತ್ತು ನಿಮಿಷಕ್ಕೆ ಎದ್ದು ಹೋಗಬಹುದು ಎಂಬ ಅಳುಕು ನನಗಿತ್ತು.

ಒಬ್ಬರೂ ಏಳಲಿಲ್ಲ. ಕಾರಣ ಆ ಬರಹದ ನಿಧಾನ. ಹೊಸ ಅಂಗಿ, ಮಿರುಗುವ ಟೋಪಿ, ರೇಷ್ಮೆ ಅಂಚಿನ ಪಂಚೆ ಎಂದು ಮಕ್ಕಳ ಸಡಗರವನ್ನು ಮೊದಲು ಹೇಳುತ್ತಾರೆ. ಆ ಉಡುಪು ನೋಡಿ ಸ್ಟೇಷನ್ ಮಾಸ್ತರರು ಇವರನ್ನು ಬ್ರಾಹ್ಮಣರ ಮಕ್ಕಳು ಎಂದುಕೊಂಡು ಅಕ್ಕರೆಯಿಂದ ವಿಚಾರಿಸುತ್ತಾರೆ. ಯಾರ ಮಕ್ಕಳು ಎಂದು ಕೇಳಿದಾಗ ಭೀಮ ಥಟ್ಟನೆ ‘ಮಹಾರರು’ ಎಂದುಬಿಡುತ್ತಾನೆ. ಅಸ್ಪೃಶ್ಯರೆಂದು ಊರು ದೂರವಿಟ್ಟಿದ್ದ ಜಾತಿಯ ಹೆಸರದು. ಮಾಸ್ತರರ ಮುಖ ಬದಲಾಗುತ್ತದೆ, ಒಳಗೆ ನಡೆದುಬಿಡುತ್ತಾರೆ. ಮಕ್ಕಳು ನಿಂತಲ್ಲೇ ನಿಂತಿರುತ್ತಾರೆ. ಗಾಡಿಯವರು ಯಾರೂ ಒಪ್ಪುವುದಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡರಷ್ಟು ಬಾಡಿಗೆಗೆ, ಅದೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆ ಎಂಬ ಷರತ್ತಿನ ಮೇಲೆ. ಬುತ್ತಿ ಇದೆ, ನೀರಿಲ್ಲ. ದಾರಿಯಲ್ಲಿ ಸಿಕ್ಕ ನೀರು ದನ ಎಮ್ಮೆಗಳ ಗಂಜಲ, ಸಗಣಿ ಬೆರೆತ ರಾಡಿ. ನಡುರಾತ್ರಿ ಸುಂಕದಕಟ್ಟೆಯವನನ್ನು ಕೇಳಿದರೆ, ಗುಡ್ಡದ ಮೇಲಿದೆ ಹೋಗಿ ಕುಡಿಯಿರಿ ಎಂಬ ಉತ್ತರ. ಬುತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಹಸಿದೇ ಮಲಗುತ್ತಾರೆ.

ಇಲ್ಲಿಗೆ ನಿಲ್ಲಿಸಿದೆ. ಹುಡುಗನೊಬ್ಬ, ‘ಬುತ್ತಿ ಇತ್ತಲ್ಲ ಅಕ್ಕಾ, ತಿನ್ಬೋದಿತ್ತಲ್ಲ?’ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದವಳು, ‘ಗಂಟ್ಲು ಒಣಗಿರೋವಾಗ ಅನ್ನ ಇಳೀತದೇನೋ?’ ಎಂದಳು. ಸ್ವಲ್ಪ ಹೊತ್ತಾದ ಮೇಲೆ ಅದೇ ಹುಡುಗ ಕೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: ‘ಮಾಸ್ತರ್ರು ಮೊದ್ಲು ಒಳ್ಳೇವ್ರೇ ಆಗಿದ್ರಲ್ಲ?’ ಆ ಪ್ರಶ್ನೆಯ ಮೇಲೆ ಮುಕ್ಕಾಲು ಗಂಟೆ ಮಾತಾಯಿತು. ಶಾಲೆಯಲ್ಲಿ ಭೀಮ ಗೋಣಿತಾಟು ಹಾಸಿಕೊಂಡು ಬೇರೆ ಕೂರುತ್ತಿದ್ದದ್ದು, ಜವಾನ ಬಂದು ನಲ್ಲಿ ತಿರುಗಿಸಿದರಷ್ಟೇ ನೀರು, ಜವಾನ ಇಲ್ಲದ ದಿನ ನೀರೂ ಇಲ್ಲ ಎಂಬುದನ್ನು ಆಮೇಲೆ ಓದಿದೆವು. ನಮ್ಮೂರಲ್ಲಿ ಹಿಂದೆ ಹೇಗಿತ್ತು, ಈಗ ಹೇಗಿದೆ ಎಂದು ಮಕ್ಕಳೇ ಮಾತು ತೆಗೆದರು. ಕೇರಿಯ ಹುಡುಗಿ ತನ್ನ ಅಜ್ಜಿ ಹೋಟೆಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಟೀ ಕುಡಿದದ್ದನ್ನು ಹೇಳಿದಳು. ಮೊದಲ ವಾರ ಭಾಷಣಕ್ಕೆ ಬರೆದುಕೊಳ್ಳಲು ಅಪ್ಪಣೆ ಕೇಳಿದ್ದವಳೂ ಅವಳೇ.

ನಾಲ್ಕನ್ನೂ ಅಕ್ಕಪಕ್ಕ ಇಟ್ಟರೆ ನನ್ನ ತೀರ್ಮಾನ ಇದು. ಹನ್ನೊಂದು ದಾಟಿದ ಮಕ್ಕಳಿಗೆ ಅಂಬೇಡ್ಕರ್ ಅವರದೇ ಮಾತು ಮೊದಲು ಸಿಗಲಿ, ಯಾರಾದರೂ ಜೊತೆಗೆ ಕೂತು ಓದಲಿ. ಎಲ್ಲ ವಯಸ್ಸಿನವರೂ ಬೆರೆತ ಗುಂಪಿಗೆ ‘ಭೀಮಾಯಣ’ದ ಪುಟಗಳು. ತಾನಾಗಿ ಓದುವ ಹಂಬಲ ಹುಟ್ಟಬೇಕಾದ ಮಗುವಿಗೆ ಚಿತ್ರಕಥೆ. ಕಿರುಪುಸ್ತಕವನ್ನು ಕೊನೆಗೆ, ಇಸವಿ ಸರಿಯಾಗಿವೆಯೇ ಎಂದು ನೋಡಿಕೊಳ್ಳಲು. ಬೆಲೆ ನೋಡಿದರೆ ಈ ಸಾಲು ತಲೆಕೆಳಗಾಗುತ್ತದೆ, ಅದು ನನಗೆ ಗೊತ್ತು. ‘ಭೀಮಾಯಣ’ದ ದುಡ್ಡಿಗೆ ಒಂದು ರಾಶಿ ಕಿರುಪುಸ್ತಕ ಬರುತ್ತವೆ. ಹಾಗಾಗಿ ಅದು ಒಂದೊಂದು ಮನೆಗೆ ಬೇಡ, ಗ್ರಂಥಾಲಯಕ್ಕೆ ಒಂದು ಪ್ರತಿ ಸಾಕು.

ಎಂಟಕ್ಕಿಂತ ಚಿಕ್ಕವರಿಗೆ ಇವು ಯಾವುವೂ ಆಗುವುದಿಲ್ಲ. ಅವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಪುಕ್ಕಟೆ ಓದಬಹುದಾದ ಚಿತ್ರಪುಸ್ತಕಗಳಿವೆ. ಹುಟ್ಟುಹಬ್ಬಕ್ಕೆ ವಜ್ರದ ಓಲೆ ಬೇಡ, ವಿಶ್ವಕೋಶ ಕೊಡಿಸಿ ಎಂದ ಹವಾಮಾನ ವಿಜ್ಞಾನಿ ಅನ್ನಾ ಮಣಿ ಅವರ ಮೇಲೂ ಒಂದಿದೆ. ಅದನ್ನು ನನ್ನ ತಂಗಿಯ ಮಗಳಿಗೆ ಫೋನಿನಲ್ಲೇ ಓದಿಸಿದೆ.

ಇದೇ ಅಳತೆಗೋಲನ್ನು, ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆ ಅವರ ಕುರಿತ ಎರಡು ಕಿರುಪುಸ್ತಕಗಳ ಮೇಲೂ ಇಟ್ಟು ನೋಡಿದೆ. ಶಾಲೆಯ ದಾರಿಯಲ್ಲಿ ಜನ ಅವರ ಮೇಲೆ ಎಸೆದ ಸಗಣಿ, ಕಲ್ಲು, ಬದಲಿಸಿಕೊಳ್ಳಲು ಚೀಲದಲ್ಲಿ ಇನ್ನೊಂದು ಸೀರೆ ಎರಡರಲ್ಲೂ ಇವೆ. ಆದರೆ ಒಂದರಲ್ಲಿ ಅವರು ಒಬ್ಬಂಟಿ. ಇನ್ನೊಂದರಲ್ಲಿ ಜೊತೆಗೆ ಪಾಠ ಮಾಡಿದ ಫಾತಿಮಾ ಶೇಖ್ ಇದ್ದಾರೆ, ಆ ಶಾಲೆಯಲ್ಲಿ ಕಲಿತು 1855ರಲ್ಲಿ ಮಾಂಗ್, ಮಹಾರರ ದುಃಖದ ಬಗ್ಗೆ ‘ಜ್ಞಾನೋದಯ’ ಪತ್ರಿಕೆಗೆ ಪ್ರಬಂಧ ಬರೆದ ಹುಡುಗಿ ಮುಕ್ತಾ ಸಾಳ್ವೆ ಇದ್ದಾಳೆ. ನಮ್ಮ ಹುಡುಗಿಯರು ಸಾವಿತ್ರಿಬಾಯಿಯನ್ನು ಗೌರವದಿಂದ ಕೇಳಿಸಿಕೊಂಡರು, ಮುಕ್ತಾಳನ್ನು ಗೆಳತಿಯಂತೆ ಹಿಡಿದುಕೊಂಡರು. ಅವಳ ಹೆಸರನ್ನು ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡವರೇ ಮೂವರು.

ಕೊನೆಯ ಭಾನುವಾರ ಹುಡುಗನೊಬ್ಬ, ‘ಎಲ್ಲಾ ಮಹಾರಾಷ್ಟ್ರದ್ದೇ ಆಯ್ತಲ್ಲಕ್ಕಾ, ನಮ್ ಕಡೇದು ಇಲ್ವಾ?’ ಎಂದ. ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ತಂದು ಮೊದಲ ಪುಟಗಳನ್ನು ಓದಿದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆ. ಇಬ್ಬರು ಎತ್ತುಗಳಂತೆ ಹೆಗಲಿಗೆ ನೊಗ ಹೊತ್ತಿದ್ದಾರೆ, ಹಿಂದಿನಿಂದ ಒಬ್ಬ ಉಳುತ್ತಿದ್ದಾನೆ, ನೋಡುವ ಮಕ್ಕಳಿಗೆ ಅದು ತಮಾಷೆ. ನೊಗ ಹೊತ್ತವರಲ್ಲಿ ಒಬ್ಬ, ನೋಡುತ್ತಿರುವ ಹುಡುಗನ ಅಪ್ಪ. ಅನುವಾದದ ಅಡ್ಡಿಯಿಲ್ಲದ, ನಮ್ಮದೇ ಸೀಮೆಯ ಕನ್ನಡ. ಓದಿನ ನಡುವೆ ನಾನು ತಲೆಯೆತ್ತಿದಾಗ ಪ್ರಶ್ನೆ ಕೇಳಿದ್ದ ಹುಡುಗ ತನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು ಕೂತಿದ್ದ.

ಈ ಬೇಸಿಗೆಗೆ ಮಂಗಳೂರಿನ ಕುದ್ಮುಲ್ ರಂಗರಾವ್ ಅವರನ್ನು ಓದಿಸಬೇಕೆಂದಿದ್ದೇನೆ. 19ನೇ ಶತಮಾನದ ಕೊನೆಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದವರು. ತಾನು ಓದಿಸಿದ ಮಗು ಸರ್ಕಾರಿ ಕೆಲಸಕ್ಕೆ ಸೇರಿ ಕಾರಿನಲ್ಲಿ ಊರ ದಾರಿಯಲ್ಲಿ ಹೋಗುವಾಗ ಆ ಧೂಳು ತನ್ನ ತಲೆಯ ಮೇಲೆ ಬೀಳಲಿ ಎಂದು ಬಯಸಿದವರು. ಅವರ ಕುರಿತು ಒಂಬತ್ತರ ಮಗುವಿಗೆ ಒಪ್ಪುವಂತೆ ನಾನೇ ಎಂಟು ಪುಟ ಬರೆಯುತ್ತಿದ್ದೇನೆ. ಮೂರು ಪುಟ ಆಗಿದೆ, ಆ ಶಾಲೆಗೆ ಅಡ್ಡ ನಿಂತವರು ಏನೇನು ಮಾಡಿದರು ಎಂಬ ಪುಟದಲ್ಲಿ ಈಗ ಇದ್ದೇನೆ.