ನಾನೇ ನೀರಿಗೆ ಬಿದ್ದರೆ? ಸ್ಟ್ಯಾಂಡರ್ಡ್ ಹೊರೈಝನ್ ಎಚ್‌ಎಕ್ಸ್ 890 ಕೈವಯರ್‌ಲೆಸ್ ಜೊತೆ ಎರಡು ಬೇಸಿಗೆ

"ರೀ, ನೀವೇ ನೀರಿಗೆ ಬಿದ್ದರೆ ನಾನೇನು ಮಾಡಬೇಕು?" ಇಂಗ್ಲೆಂಡಿನ ದಕ್ಷಿಣ ತೀರದ ಹ್ಯಾಂಬಲ್ ನದಿಯಿಂದ ಹೊರಟು ಸೋಲೆಂಟ್ ಜಲಸಂಧಿಗೆ ಹಾಯಿ ಬಿಚ್ಚಿದ ಮೊದಲ ದಿನವೇ ನನ್ನ ಹೆಂಡತಿ ಕೇಳಿದ ಪ್ರಶ್ನೆ ಇದು. ಹೊನ್ನಾವರದ ಅಳಿವೆಯ ಮರಳುದಿಬ್ಬಕ್ಕೆ ಹೆದರಿ ಕಡಲಿಗಿಳಿಯುವ ಬೋಟುಗಳನ್ನು ನೋಡುತ್ತಲೇ ಬೆಳೆದವಳಾದ್ದರಿಂದ ಅವಳ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ನಮ್ಮ ಇಪ್ಪತ್ತಾರು ಅಡಿಯ ಹಾಯಿದೋಣಿಯಲ್ಲಿ 25 ವ್ಯಾಟ್‌ನ ವಿಎಚ್‌ಎಫ್ ವಯರ್‌ಲೆಸ್ ಇದ್ದೇ ಇತ್ತು. ಆದರೆ ಅದು ಕ್ಯಾಬಿನ್‌ನ ಒಳಗೆ, ಮೆಟ್ಟಿಲಿಳಿದು ಎಡಗಡೆ ಗೋಡೆಗೆ ಕೂರಿಸಿದ ಸೆಟ್. ಒಬ್ಬರು ನೀರಿಗೆ ಬಿದ್ದಾಗ ದೋಣಿಯಲ್ಲಿ ಉಳಿದವರು ಮಾಡಬೇಕಾದ ಮೊದಲ ಕೆಲಸ ಬಿದ್ದವರಿಂದ ಕಣ್ಣು ಕೀಳದಿರುವುದು, ಏಕೆಂದರೆ ಅಲೆಗಳ ನಡುವೆ ಮನುಷ್ಯನ ತಲೆಯೊಂದು ಕ್ಷಣಾರ್ಧದಲ್ಲಿ ಮರೆಯಾಗಿಬಿಡುತ್ತದೆ. ಸಹಾಯ ಕೇಳಲು ಅವಳು ಕ್ಯಾಬಿನ್‌ಗೆ ಇಳಿದಳೆಂದರೆ ನಾನು ಅವಳ ಕಣ್ಣಿಂದ ತಪ್ಪಿಹೋದಂತೆಯೇ.

ಆದ್ದರಿಂದ ನಾವು ಕೊಂಡದ್ದು ಸ್ಟ್ಯಾಂಡರ್ಡ್ ಹೊರೈಝನ್ ಕಂಪನಿಯ ಎಚ್‌ಎಕ್ಸ್ 890 ಎಂಬ ಕೈಸೆಟ್. ಕೊಟ್ಟ ಬೆಲೆ ಇನ್ನೂರು ಪೌಂಡಿನ ಆಸುಪಾಸು. ಎರಡು ಬೇಸಿಗೆ ಬಳಸಿದ ಮೇಲೆ ಬರೆಯುತ್ತಿರುವ ಈ ವಿಮರ್ಶೆಯಲ್ಲಿ ನಾನು ಸೆಟ್ಟನ್ನು ಒರೆಗೆ ಹಚ್ಚಿರುವುದು ಅವಳು ಕೇಳಿದ ಪ್ರಶ್ನೆಗೇ: ವಯರ್‌ಲೆಸ್ ತರಬೇತಿ ಇಲ್ಲದ ಒಬ್ಬರು, ಕೈ ನಡುಗುತ್ತಿರುವಾಗ, ಯಾರನ್ನೂ ಕೇಳದೆ ಇದರಿಂದ ಸಹಾಯ ಕರೆಯಬಲ್ಲರೆ?

ಸಾಮಾನ್ಯ ಕೈವಯರ್‌ಲೆಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಡಿಎಸ್‌ಸಿ ಎಂಬ ಮೂರಕ್ಷರದಲ್ಲಿದೆ. ಸಾಮಾನ್ಯ ಸೆಟ್‌ನಲ್ಲಿ ಅಪಾಯದ ಕರೆಗಳಿಗೆಂದಿರುವ 16ನೇ ಚಾನೆಲ್ ಹಿಡಿದು ಬಾಯಲ್ಲಿ ಹೇಳಬೇಕು. ಕೇಳುವವರ ಕಿವಿ ಆ ಹೊತ್ತಿಗೆ ಅಲ್ಲಿರಬೇಕು, ನಮ್ಮ ಉಚ್ಚಾರ ಅವರಿಗೆ ಅರ್ಥವಾಗಬೇಕು, ನಾವೆಲ್ಲಿದ್ದೇವೆ ಎಂಬುದನ್ನು ನಾವೇ ತಿಳಿದು ಹೇಳಬೇಕು. ಡಿಎಸ್‌ಸಿ ಸೆಟ್‌ನಲ್ಲಿ ಕೆಂಪು ಗುಂಡಿ ಒತ್ತಿ ಹಿಡಿದರೆ ಸೆಟ್‌ನ ಗುರುತಿನ ಸಂಖ್ಯೆ, ಜಿಪಿಎಸ್ ಕೊಟ್ಟ ಅಕ್ಷಾಂಶ ರೇಖಾಂಶ ಮತ್ತು ಸಮಯ ಮೂರೂ ಸೇರಿದ ಅಂಕೀಯ ಸಂದೇಶ 70ನೇ ಚಾನೆಲ್‌ನಲ್ಲಿ, ಅಂದರೆ 156.525 ಮೆಗಾಹರ್ಟ್ಸ್‌ನಲ್ಲಿ, ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಹೊರಟುಬಿಡುತ್ತದೆ. ವ್ಯಾಪ್ತಿಯೊಳಗಿನ ಕೋಸ್ಟ್ ಗಾರ್ಡ್ ಕೇಂದ್ರದಲ್ಲೂ ಡಿಎಸ್‌ಸಿ ಇರುವ ಹಡಗುಗಳಲ್ಲೂ ಗಂಟೆ ಬಾರಿಸುತ್ತದೆ. ನಮ್ಮ ದೋಣಿಯ ಹೆಸರು 'ಶರಾವತಿ'. ಅದನ್ನು ಇಲ್ಲಿನವರಿಗೆ ತಿಳಿಯುವಂತೆ ಹೇಳಲು ಸಿಯೆರಾ, ಹೋಟೆಲ್, ಆಲ್ಫಾ, ರೋಮಿಯೋ, ಆಲ್ಫಾ, ವಿಕ್ಟರ್, ಆಲ್ಫಾ, ಟ್ಯಾಂಗೋ, ಇಂಡಿಯಾ ಎಂದು ಇಂಗ್ಲಿಷ್ ಅಕ್ಷರಕ್ಕೊಂದರಂತೆ ಒಂಬತ್ತು ಪದ ಬೇಕು. ಮುಳುಗುತ್ತಿರುವ ಹೊತ್ತಿನಲ್ಲಿ ಆ ಒಂಬತ್ತು ಪದಗಳ ಕೆಲಸವನ್ನು ಒಂಬತ್ತು ಅಂಕಿಗಳು ಮೌನವಾಗಿ ಮಾಡಿ ಮುಗಿಸುತ್ತವೆ ಎಂಬುದೇ ನನಗೆ ಈ ತಂತ್ರದ ಅತಿ ದೊಡ್ಡ ಉಪಕಾರವಾಗಿ ಕಂಡಿದೆ.

ಆ ಒಂಬತ್ತು ಅಂಕಿಯ ಸಂಖ್ಯೆಗೆ ಎಂಎಂಎಸ್‌ಐ ಎನ್ನುತ್ತಾರೆ. ಪೆಟ್ಟಿಗೆ ಬಿಚ್ಚಿದ ತಕ್ಷಣ ಸೆಟ್‌ನಲ್ಲಿ ಅದು ಇರುವುದಿಲ್ಲ, ಮತ್ತು ಅದಿಲ್ಲದೆ ಕೆಂಪು ಗುಂಡಿಯಿಂದ ಸಂದೇಶ ಹೊರಡುವುದಿಲ್ಲ. ಬ್ರಿಟನ್ನಿನಲ್ಲಿ ಕೈಸೆಟ್‌ಗೆ ಪ್ರತ್ಯೇಕ ಪರವಾನಗಿಯನ್ನು ಆಫ್‌ಕಾಮ್ ಸಂಸ್ಥೆಯಿಂದ ಪಡೆಯಬೇಕು. ಅದರೊಂದಿಗೆ 235ರಿಂದ ಆರಂಭವಾಗುವ ಸಂಖ್ಯೆ ಸಿಗುತ್ತದೆ. ಸಂಖ್ಯೆಯನ್ನು ಬಳಕೆದಾರ ತಾನೇ ನಮೂದಿಸಬಹುದು, ಆದರೆ ಒಮ್ಮೆ ಮಾತ್ರ. ತಪ್ಪಿದರೆ ಸೆಟ್ಟನ್ನು ಮಾರಾಟಗಾರರಿಗೆ ಕಳಿಸಿ ಅಳಿಸಬೇಕಾಗುತ್ತದೆ. ನಾವು ಅಡುಗೆಮನೆಯ ಮೇಜಿನ ಮೇಲೆ ಪರವಾನಗಿ ಪತ್ರ ಹರಡಿ, ಒಬ್ಬರು ಓದಿ ಇನ್ನೊಬ್ಬರು ಒತ್ತಿ, ಮತ್ತೆ ಅದಲುಬದಲಾಗಿ ಪರಿಶೀಲಿಸಿ ನಮೂದಿಸಿದೆವು. ಹತ್ತೇ ನಿಮಿಷದ ಈ ಕೆಲಸವನ್ನು ಮುಂದೂಡಬೇಡಿ. ನನ್ನ ಗೆಳೆಯರೊಬ್ಬರು ಬೇರೆ ಯಾವುದೋ ಹಳೆಯ ಸೆಟ್ಟನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ತಂದರು. ಅದರಲ್ಲಿ ಹಿಂದಿನ ಒಡೆಯನ ಸಂಖ್ಯೆ ಬೀಗ ಬಿದ್ದು ಕೂತಿತ್ತು. ಅವರು ಆ ಗುಂಡಿ ಒತ್ತಿದ್ದರೆ ಕೋಸ್ಟ್ ಗಾರ್ಡ್ ಇನ್ಯಾರದೋ ಮನೆಗೆ ಫೋನ್ ಮಾಡಿ ವಿಚಾರಿಸುತ್ತಿತ್ತು. ಮಾರಿದವರು ಆ ಒಂದು ಮಾತನ್ನು ಹೇಳಬೇಕಿತ್ತು ಎಂದು ಇಂದಿಗೂ ನನಗೆ ಅನ್ನಿಸುತ್ತದೆ.

ಇನ್ನು ಗುಂಡಿಯ ವಿಚಾರ. ಕೆಂಪು ಗುಂಡಿಗೆ ಸ್ಪ್ರಿಂಗ್ ಇರುವ ಸಣ್ಣ ಮುಚ್ಚಳವಿದೆ. ಸೆಟ್ಟನ್ನು ಆರಿಸಿಟ್ಟು, ಹಾಯಿಹಗ್ಗ ಎಳೆಯುವಾಗ ತೊಡುವ ಒದ್ದೆ ಕೈಗವಸಿನಲ್ಲೇ ಆ ಮುಚ್ಚಳವನ್ನು ಎತ್ತುವ ಅಭ್ಯಾಸವನ್ನು ಅವಳಿಗೆ ಮಾಡಿಸಿದೆ. ಮೊದಲೆರಡು ಸಲ ಬೆರಳು ಜಾರಿತು. ಮೂರನೆಯ ಸಲ ಉಗುರಿನ ಬದಲು ಹೆಬ್ಬೆರಳ ಬದಿಯಿಂದ ಎತ್ತಿದರೆ ಸುಲಭ ಎಂಬುದನ್ನು ಅವಳೇ ಕಂಡುಕೊಂಡಳು. ಮುಚ್ಚಳ ಎತ್ತಿ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿಯಬೇಕು. ಹೀಗೆ ಒತ್ತಿದಾಗ ಹೊರಡುವುದು ಕಾರಣ ತಿಳಿಸದ ಅಪಾಯ ಸಂದೇಶ. ಸಮಯವಿದ್ದರೆ ಬೆಂಕಿ, ನೀರು ನುಗ್ಗುವಿಕೆ, ಡಿಕ್ಕಿ, ನೆಲ ಕಚ್ಚುವಿಕೆ, ಮಗುಚುವಿಕೆ, ನೀರಿಗೆ ಬಿದ್ದ ಮನುಷ್ಯ ಮುಂತಾದ ಪಟ್ಟಿಯಿಂದ ಕಾರಣವನ್ನು ಆಯ್ದು ಕಳಿಸಬಹುದು. ನಾನು ಅವಳಿಗೆ ಪಟ್ಟಿಯ ಗೊಡವೆ ಬೇಡವೆಂದೇ ಹೇಳಿದ್ದೇನೆ, ಏಕೆಂದರೆ ಕಾರಣವನ್ನು ಬಾಯಲ್ಲಿ ಹೇಳಲು ಸಂದೇಶ ಹೋದ ಮೇಲೆ ಸೆಟ್ ತಾನಾಗಿ 16ನೇ ಚಾನೆಲ್‌ಗೆ ತಿರುಗುತ್ತದೆ. ಯಾರೂ ಸ್ವೀಕೃತಿ ಕಳಿಸದಿದ್ದರೆ ಸುಮಾರು ನಾಲ್ಕು ನಿಮಿಷಕ್ಕೊಮ್ಮೆ ಸಂದೇಶ ತಾನೇ ಮರಳಿ ಹೋಗುತ್ತಿರುತ್ತದೆ. ಅಪಾಯದ ಹೊತ್ತಿನಲ್ಲಿ ಯಾರು ಬೇಕಾದರೂ ಈ ಗುಂಡಿ ಒತ್ತಬಹುದು. ಉಳಿದ ದಿನಗಳಲ್ಲಿ ಸೆಟ್ ಬಳಸಲು ಮಾತ್ರ ಎಸ್‌ಆರ್‌ಸಿ ಎಂಬ ಅರ್ಹತಾಪತ್ರ ಇರಬೇಕು, ಇಲ್ಲವೇ ಅದಿರುವವರು ಪಕ್ಕದಲ್ಲಿರಬೇಕು. ನಾನು ಆ ತರಬೇತಿ ಪಡೆದಿದ್ದೇನೆ. ಈ ವರ್ಷ ಅವಳೂ ಪಡೆಯಲಿದ್ದಾಳೆ.

ಜಿಪಿಎಸ್ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಸೆಟ್‌ನೊಳಗೇ ಜಿಪಿಎಸ್ ಇದೆ, ಆದರೆ ಕ್ಯಾಬಿನ್‌ನ ಮೂಲೆಯಲ್ಲಿ ಆರಿಸಿಟ್ಟ ಸೆಟ್‌ಗೆ ತಾನೆಲ್ಲಿದ್ದೇನೆ ಎಂಬುದು ತಿಳಿದಿರುವುದಿಲ್ಲ. ತೆರೆದ ಆಕಾಶದಡಿ ಹೊತ್ತಿಸಿದ ಮೇಲೆ ಉಪಗ್ರಹಗಳನ್ನು ಹಿಡಿಯಲು ಅದಕ್ಕೆ ಸ್ವಲ್ಪ ಸಮಯ ಬೇಕು. ಅಷ್ಟರೊಳಗೆ ಗುಂಡಿ ಒತ್ತಿದರೆ ಸ್ಥಾನವಿಲ್ಲದ ಸಂದೇಶ ಹೋಗುತ್ತದೆ. ಹುಡುಕುವವರಿಗೆ ನೀವು ಯಾರೆಂದು ಗೊತ್ತಾಗುತ್ತದೆ, ಎಲ್ಲಿದ್ದೀರೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಹಗ್ಗ ಬಿಚ್ಚುವ ಮುನ್ನವೇ ಸೆಟ್ ಹೊತ್ತಿಸಿ, ಪರದೆಯ ಮೇಲೆ ಅಕ್ಷಾಂಶ ರೇಖಾಂಶ ಮೂಡಿದ್ದನ್ನು ನೋಡಿಯೇ ಹೊರಡುವುದು ನಮ್ಮ ಪದ್ಧತಿ. 2.3 ಇಂಚಿನ ಆ ಪರದೆಯ ಅಂಕಿಗಳನ್ನು ಓದಲು ಬಿಸಿಲಲ್ಲೂ ನನಗೆ ಕನ್ನಡಕ ಬೇಕಾಗಿಲ್ಲ.

ಎಷ್ಟು ದೂರ ಕೇಳಿಸುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ಮತ್ತು 6 ವ್ಯಾಟ್ ಎಂದಾಗ ತೃಪ್ತರಾಗುತ್ತಾರೆ. ನಿಜವಾಗಿ ವಿಎಚ್‌ಎಫ್‌ನಲ್ಲಿ ವ್ಯಾಟ್‌ಗಿಂತ ಆಂಟೆನಾದ ಎತ್ತರ ಮುಖ್ಯ, ಏಕೆಂದರೆ ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ, ಭೂಮಿಯ ಬಾಗು ಅವನ್ನು ತಡೆಯುತ್ತದೆ. ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ದೂರ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. ದೋಣಿಯ ಅಟ್ಟದ ಮೇಲೆ ನಿಂತು ಕೈಸೆಟ್ ಹಿಡಿದಾಗ ಎತ್ತರ ಎರಡೂಕಾಲು ಮೀಟರ್ ಎಂದುಕೊಂಡರೆ ಆರು ಕಿಲೋಮೀಟರ್. ಹನ್ನೆರಡು ಮೀಟರ್ ಹಾಯಿಕಂಬದ ತುದಿಯ ಆಂಟೆನಾಕ್ಕೆ ಹದಿನಾಲ್ಕು. ನೀರಿನಲ್ಲಿ ತೇಲುತ್ತಿರುವವನ ಕೈಯಲ್ಲಿ ಬರೀ ಎರಡು. ಇದಕ್ಕೆ ಕೇಳುವವರ ಆಂಟೆನಾದ ಪಾಲನ್ನು ಸೇರಿಸಬೇಕು. ಗುಡ್ಡದ ಮೇಲೆ ನೂರು ಮೀಟರ್ ಎತ್ತರದಲ್ಲಿರುವ ಕೋಸ್ಟ್ ಗಾರ್ಡ್ ಆಂಟೆನಾದ ಪಾಲು 41 ಕಿಲೋಮೀಟರ್. ಹಾಗಾಗಿ ಎತ್ತರದ ಆಂಟೆನಾಗಳು ಸುತ್ತುವರಿದ ಸೋಲೆಂಟ್‌ನಂಥ ಕಡೆ ಕೈಸೆಟ್ ಸಾಕಾಗುತ್ತದೆ. ಇಂಗ್ಲಿಷ್ ಕಾಲುವೆಯ ನಡುವೆ ಇನ್ನೊಂದು ಸಣ್ಣ ದೋಣಿಯನ್ನಷ್ಟೇ ನಂಬಿಕೊಂಡು ಹೋಗುವವರಿಗೆ ಸಾಲದು. ಇದು ಈ ಮಾದರಿಯ ದೋಷವಲ್ಲ, ಎಲ್ಲ ಕೈಸೆಟ್‌ಗಳ ಮಿತಿ.

ನೀರಿನ ಪರೀಕ್ಷೆಯನ್ನು ನಾವೇ ಮಾಡಿದೆವು. ಪಟ್ಟಿಗೆ ತೆಳುವಾದ ದಾರ ಕಟ್ಟಿ, ಸಂಜೆಗತ್ತಲಲ್ಲಿ ದೋಣಿಕಟ್ಟೆಯಿಂದ ಕೈಬಿಟ್ಟೆ. ಸೆಟ್ ಒಮ್ಮೆ ಪೂರ್ತಿ ಒಳಗೆ ಹೋಗಿ, ಬೆಂಡಿನಂತೆ ಪುಟಿದು ಮೇಲೆ ಬಂದು, ಬಿಳಿ ದೀಪವನ್ನು ಮಿಣುಕಿಸತೊಡಗಿತು. ಹ್ಯಾಂಬಲ್‌ನ ಕಂದು ನೀರು ಪ್ರತಿ ಮಿಣುಕಿಗೂ ಒಂದು ಮೊಳದಷ್ಟು ಬೆಳಗಿ ಆರುತ್ತಿತ್ತು. ನೀರು ತಾಗಿದರೆ ದೀಪ ತಾನೇ ಹೊತ್ತಿಕೊಳ್ಳುವ ಈ ಏರ್ಪಾಡು ಕತ್ತಲಲ್ಲಿ ಸೆಟ್ ಹುಡುಕಲು ಮಾತ್ರವಲ್ಲ, ಅದನ್ನು ಹಿಡಿದವರನ್ನು ಹುಡುಕಲೂ ಬರುತ್ತದೆ. ಒಂದೂವರೆ ಮೀಟರ್ ಆಳದಲ್ಲಿ ಮೂವತ್ತು ನಿಮಿಷ ತಡೆಯುತ್ತದೆಂಬುದು ಕಂಪನಿಯ ಮಾತು. ಅಷ್ಟು ಆಳಕ್ಕೆ ನಾನು ಇಳಿಸಿ ನೋಡಿಲ್ಲ. ಬ್ಯಾಟರಿ ಹನ್ನೊಂದು ಗಂಟೆ ಬರುತ್ತದೆಂಬ ಲೆಕ್ಕ ಮಾತು ಕಡಿಮೆ, ಕೇಳುವುದು ಹೆಚ್ಚು ಇರುವ ದಿನಕ್ಕೆ ಸರಿ. ಪ್ರಯಾಣ ಮುಗಿದ ಮೇಲೆ ಸಿಹಿನೀರಲ್ಲಿ ತೊಳೆದು, ಒರೆಸಿ, ಆಮೇಲೆಯೇ ಚಾರ್ಜ್‌ಗೆ ಇಡಬೇಕು. ಉಪ್ಪು ಮೆತ್ತಿದ ಲೋಹದ ತುದಿಗಳು ಯಾವ ಸೆಟ್‌ನಲ್ಲೂ ಬಹುಕಾಲ ಬಾಳುವುದಿಲ್ಲ.

ಎರಡು ಬೇಸಿಗೆಯಲ್ಲಿ ಕೆಂಪು ಮುಚ್ಚಳ ಎತ್ತುವ ಪ್ರಸಂಗ ಬಂದಿಲ್ಲ. ಆದರೆ ಸೆಟ್ ನಮ್ಮನ್ನು ಕಾಪಾಡಿಲ್ಲ ಎಂದಲ್ಲ. ಕಳೆದ ಬೇಸಿಗೆಯ ಒಂದು ಸಂಜೆ ಕ್ಯಾಲ್‌ಶಾಟ್ ಬಳಿ ಗಾಳಿ ಪೂರ್ತಿ ಬಿತ್ತು. ಎಂಜಿನ್ ಹೊತ್ತಿಸಿದರೆ ಪ್ರೊಪೆಲ್ಲರ್‌ಗೆ ಯಾವುದೋ ತೇಲುಹಗ್ಗ ಸುತ್ತಿಕೊಂಡು ಅದೂ ನಿಂತಿತು. ಇಳಿತದ ಸೆಳೆತ ನಮ್ಮನ್ನು ದೊಡ್ಡ ಹಡಗುಗಳ ದಾರಿಯತ್ತ ಒಯ್ಯುತ್ತಿತ್ತು. ಅಲ್ಲಿ 150 ಮೀಟರ್‌ಗಿಂತ ಉದ್ದದ ಹಡಗಿನ ಮುಂದೆ ಒಂದು ಸಾವಿರ ಮೀಟರ್, ಎರಡೂ ಬದಿಗೆ ನೂರು ನೂರು ಮೀಟರ್ ಜಾಗದಲ್ಲಿ ಸಣ್ಣ ದೋಣಿ ಇರಕೂಡದೆಂಬ ನಿಯಮವಿದೆ, ಏಕೆಂದರೆ ಅಂಥ ಹಡಗು ಬಯಸಿದರೂ ಪಕ್ಕಕ್ಕೆ ಸರಿಯಲಾರದು. ನಾನು ಹಿಂಬದಿಯಲ್ಲಿ ಬಗ್ಗಿ ಹಗ್ಗ ಕತ್ತರಿಸುತ್ತಿದ್ದೆ. ಅವಳು ಚುಕ್ಕಾಣಿಯ ಬಳಿ ನಿಂತೇ, ನಾನು ಹೇಳಿಕೊಟ್ಟಂತೆ, 12ನೇ ಚಾನೆಲ್‌ನಲ್ಲಿ ಸೌತಾಂಪ್ಟನ್ ಬಂದರಿನ ಸಂಚಾರ ನಿಯಂತ್ರಣದವರನ್ನು ಕರೆದು, ಪರದೆಯ ಮೇಲಿನ ಸ್ಥಾನವನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದಳು. ಅವರು ಶಾಂತವಾಗಿ ಉತ್ತರಿಸಿ, ಬರುತ್ತಿದ್ದ ಹಡಗಿಗೆ ತಿಳಿಸಿದರು. ಅಂದು ಜೀವಾಪಾಯ ಇರಲಿಲ್ಲ, ಆದ್ದರಿಂದ ಕೆಂಪು ಗುಂಡಿಯೂ ಬೇಕಾಗಲಿಲ್ಲ. ಗಂಭೀರವಾದ ಮತ್ತು ಕೂಡಲೇ ಬರಲಿರುವ ಅಪಾಯಕ್ಕೆ ಮೇಡೇ, ಅದಕ್ಕಿಂತ ಕೆಳಗಿನ ತುರ್ತಿಗೆ ಪ್ಯಾನ್ ಪ್ಯಾನ್, ಉಳಿದದ್ದಕ್ಕೆ ಸಾಮಾನ್ಯ ಮಾತು: ಈ ಮೂರರ ವಿವೇಕ ಸೆಟ್‌ನೊಂದಿಗೆ ಬರುವುದಿಲ್ಲ, ಕಲಿತೇ ಬರಬೇಕು.

ಗುಂಡಿಯನ್ನು ಅಕಸ್ಮಾತ್ ಒತ್ತಿಬಿಟ್ಟರೆ ಹೆದರಿ ಸೆಟ್ ಆರಿಸಿ ಸುಮ್ಮನಾಗುವುದು ದೊಡ್ಡ ತಪ್ಪು. ಲೈಫ್‌ಬೋಟ್ ಸ್ವಯಂಸೇವಕರು ಊಟ ಬಿಟ್ಟು ಎದ್ದು ಬರುತ್ತಾರೆ. ಸೆಟ್‌ನಲ್ಲೇ ಸಂದೇಶವನ್ನು ರದ್ದು ಮಾಡಿ, 16ನೇ ಚಾನೆಲ್‌ನಲ್ಲಿ ದೋಣಿಯ ಹೆಸರು, ಸಂಖ್ಯೆ, ಸ್ಥಾನ ಹೇಳಿ, ಇಂಥ ಹೊತ್ತಿಗೆ ಕಳಿಸಿದ ಅಪಾಯ ಸಂದೇಶವನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ ಎಂದು ಎಲ್ಲ ಕೇಂದ್ರಗಳಿಗೂ ತಿಳಿಸಬೇಕು.

ಇದೇ ವರ್ಗದಲ್ಲಿ ಐಕಾಮ್ ಕಂಪನಿಯ ಎಂ94ಡಿ ಇದೆ. ಅದರಲ್ಲಿ ಎಐಎಸ್, ಅಂದರೆ ಸುತ್ತಲಿನ ಹಡಗುಗಳು ತಾವು ಯಾರು, ಎಲ್ಲಿದ್ದೇವೆ ಎಂದು ತಾವೇ ಬಿತ್ತರಿಸುವ ಗುರುತುಗಳನ್ನು ಪರದೆಯ ಮೇಲೆ ತೋರಿಸುವ ರಿಸೀವರ್ ಕೂಡ ಸೇರಿದೆ. ಮಂಜಿನಲ್ಲಿ ಒಂಟಿಯಾಗಿ ಕಯಾಕ್ ಹುಟ್ಟು ಹಾಕುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ನಮ್ಮ ದೋಣಿಯಲ್ಲಿ ಎಐಎಸ್ ಬೇರೆಯೇ ಇರುವುದರಿಂದ ನಮಗೆ ಎಚ್‌ಎಕ್ಸ್ 890 ಸಾಕೆನಿಸಿತು. ಇದರಲ್ಲಿರುವ ಎಫ್‌ಎಂ ರೇಡಿಯೊ ನನ್ನ ಮಟ್ಟಿಗೆ ಬೇಡದ ಸೌಕರ್ಯ. ಅಪಾಯಕ್ಕೆಂದು ಇಟ್ಟ ಬ್ಯಾಟರಿಯನ್ನು ಹಾಡಿಗೆ ಖರ್ಚು ಮಾಡಲು ಮನಸ್ಸು ಒಪ್ಪುವುದಿಲ್ಲ.

ಊರಿನಿಂದ ಓದುವವರಿಗೆ ಒಂದು ಮಾತು. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಬೋಟಿರುವ ನೆಂಟರಿಗೆ ಇದನ್ನು ಉಡುಗೊರೆಯಾಗಿ ಒಯ್ಯಬೇಡಿ. ಭಾರತದಲ್ಲಿ ವಯರ್‌ಲೆಸ್ ಸೆಟ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು, ಎಂಎಂಎಸ್‌ಐ ಕೂಡ ಭಾರತದ 419ರ ಸಾಲಿನದ್ದಾಗಿರಬೇಕು. ತೀರದಿಂದ ಬಹುದೂರ ಹೋಗುವ ನಮ್ಮ ಆಳಸಮುದ್ರದ ಬೋಟುಗಳಿಗೆ ಇಸ್ರೋ ರೂಪಿಸಿದ ಉಪಗ್ರಹ ಆಧಾರಿತ ಅಪಾಯ ಸೂಚಕ ಹೆಚ್ಚು ಸೂಕ್ತ. ಅದರ ಸಂದೇಶ ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ತಲುಪಿ ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ, ಮತ್ತು 2024ರಲ್ಲಿ ಪ್ರಕಟವಾದ ಎರಡನೇ ಪೀಳಿಗೆಯ ಸೂಚಕದಲ್ಲಿ ಸಂದೇಶ ತಲುಪಿತೆಂಬ ಉತ್ತರವೂ ಬೋಟಿಗೆ ಮರಳಿ ಬರುತ್ತದೆ. ಮೊಬೈಲ್ ಸಿಗ್ನಲ್ ಇರುವಷ್ಟು ಹತ್ತಿರದಲ್ಲಿದ್ದರೆ ಕೋಸ್ಟ್ ಗಾರ್ಡ್‌ನ ಉಚಿತ ಸಂಖ್ಯೆ 1554.

ಈಗ ನಮ್ಮಲ್ಲಿ ಕೈಸೆಟ್ ಇರುವುದು ಅವಳ ಲೈಫ್‌ಜಾಕೆಟ್‌ನ ಎಡ ಪಟ್ಟಿಯ ಮೇಲೆ. ನನ್ನ ಜಾಕೆಟ್‌ನಲ್ಲಿ ಉಪಗ್ರಹಕ್ಕೆ ಅಪಾಯ ಸಂಕೇತ ಕಳಿಸುವ 406 ಮೆಗಾಹರ್ಟ್ಸ್‌ನ ಬೀಕನ್ ಇದೆ. ನಾನು ಬಿದ್ದರೆ ಅವಳು ನನ್ನನ್ನು ನೋಡುತ್ತಲೇ ಕರೆಯಬಲ್ಲಳು. ಮೇಡೇ ಮಾತಿನ ಕ್ರಮವನ್ನು ಕನ್ನಡ ಲಿಪಿಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಚುಕ್ಕಾಣಿಯ ಪಕ್ಕ ಅಂಟಿಸಿದ್ದಾಳೆ. ಕಳೆದ ಭಾನುವಾರ ಹೊರಡುವ ಮುನ್ನ ಪಕ್ಕದ ದೋಣಿಯ ಗೆಳೆಯರ ಸೆಟ್‌ಗೆ ಡಿಎಸ್‌ಸಿ ಪರೀಕ್ಷಾ ಕರೆಯನ್ನು ಅವಳೇ ಕಳಿಸಿದಳು. ಸ್ವೀಕೃತಿಯ ಸದ್ದು ಬಂದಾಗ ಪರದೆಯನ್ನು ನನ್ನತ್ತ ತಿರುಗಿಸಿ ತೋರಿಸಿ, "ಹೂಂ, ಇನ್ನು ಹಗ್ಗ ಬಿಚ್ಚಿ" ಎಂದಳು.