ಐರಿಷ್ ಊಟ: ಪಬ್ಬಿನ ಫಲಕದಲ್ಲಿರುವುದು, ಜನ ತಿನ್ನುವುದು

ಡಬ್ಲಿನ್ನಿಗೆ ಬರುವ ನೆಂಟರಿಷ್ಟರು ತಪ್ಪದೆ ಕೇಳುವ ಪ್ರಶ್ನೆ: ಇಲ್ಲಿಯ ಸಾಂಪ್ರದಾಯಿಕ ಊಟ ಎಲ್ಲಿ ಚೆನ್ನಾಗಿರುತ್ತದೆ? ಟೆಂಪಲ್ ಬಾರ್ ಪ್ರದೇಶದ ಪಬ್ಬುಗಳ ಮುಂದಿನ ಫಲಕಗಳಲ್ಲಿ ಉತ್ತರ ಸಿದ್ಧವಾಗಿದೆ: ಐರಿಷ್ ಸ್ಟ್ಯೂ, ಕಾಡಲ್, ಬಾಕ್ಸ್ಟಿ. ಆದರೆ ನನ್ನ ಐರಿಷ್ ಸಹೋದ್ಯೋಗಿಗಳು ಮಧ್ಯಾಹ್ನದ ಬಿಡುವಿನಲ್ಲಿ ಇವುಗಳಲ್ಲಿ ಒಂದನ್ನಾದರೂ ತಿಂದದ್ದನ್ನು ನಾನು ಕಂಡಿಲ್ಲ. ಎರಡೂ ಬಗೆಯದನ್ನು ತಿಂದು, ಕೆಲವನ್ನು ಮನೆಯಲ್ಲಿ ಮಾಡಿ ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಹಳೆಯ ಅಡುಗೆಯನ್ನು ಮನೆಯಲ್ಲಿ ತಿನ್ನಬೇಕು. ಹೊರಗೆ ಹೋದಾಗ ಊರಿನವರು ಸಾಲುಗಟ್ಟಿ ನಿಂತು ಕೊಳ್ಳುವುದನ್ನು ತಿನ್ನಬೇಕು.

ಮೊದಲು ಮಧ್ಯಾಹ್ನದ ಊಟ. ಸ್ಟ್ಯೂ ಎಂದರೆ ಮೂಲತಃ ಕುರಿಯ ಕತ್ತಿನ ಮಾಂಸ, ಆಲೂಗಡ್ಡೆ, ಈರುಳ್ಳಿ, ನೀರು. ಕ್ಯಾರೆಟ್ ಹಾಕಬಹುದೋ ಬಾರದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಹಿಟ್ಟುಹಿಟ್ಟಾದ ಆಲೂಗಡ್ಡೆ ಕರಗಿ ರಸವನ್ನು ಮಂದ ಮಾಡಬೇಕು, ಬಣ್ಣ ತೆಳುವಾಗಿರಬೇಕು. ಪ್ರವಾಸಿಗರ ಪಬ್ಬುಗಳಲ್ಲಿ ನನ್ನ ಮುಂದೆ ಬಂದದ್ದು ಹೆಚ್ಚಾಗಿ ಗಿನ್ನೆಸ್ ಬಿಯರ್ ಸುರಿದು ಬೇಯಿಸಿದ ದನದ ಮಾಂಸ, ಕಡುಕಂದು ಗ್ರೇವಿ. ಅದಕ್ಕೂ ಅದರದೇ ರುಚಿಯಿದೆ, ಆದರೆ ಅದು ಬೇರೆಯೇ ಅಡುಗೆ. ಮನೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಗಂಟೆ ಕುದಿಸಿದ ಸ್ಟ್ಯೂ ಅದಕ್ಕಿಂತ ಎಷ್ಟೋ ಮೇಲು.

ಅದೇ ಹೊತ್ತಿಗೆ ಸೆಂಟ್ರಾ, ಸ್ಪಾರ್‌ನಂಥ ಅಂಗಡಿಗಳ, ಪೆಟ್ರೋಲ್ ಬಂಕುಗಳ, ಸಿದ್ಧ ತಿಂಡಿ ಮಾರುವ ಡೆಲಿ ಕೌಂಟರಿನ ಮುಂದೆ ನಿಂತು ನೋಡಿ. ಸಿಮೆಂಟು ಮೆತ್ತಿದ ಬೂಟಿನ ಕಟ್ಟಡ ಕೆಲಸಗಾರರು, ಶಾಲೆಯ ಸಮವಸ್ತ್ರದ ಹುಡುಗರು, ಟೈ ಕಟ್ಟಿದವರು ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಎಲ್ಲರಿಗೂ ಬೇಕಾದದ್ದು ಚಿಕನ್ ಫಿಲೆಟ್ ರೋಲ್. ಅಂಗಡಿಯಲ್ಲೇ ಸುಟ್ಟ ಉದ್ದ ಬ್ರೆಡ್ಡನ್ನು ಸೀಳಿದೊಡನೆ ಪ್ರಶ್ನೆಗಳು ಶುರುವಾಗುತ್ತವೆ: ಬೆಣ್ಣೆಯೋ ಮೇಯೊನೇಸೋ? ಸಪ್ಪೆಯದೋ ಖಾರದ್ದೋ? ಬ್ರೆಡ್ ಪುಡಿ ಹೊದ್ದು ಕರಿದ ಕೋಳಿ ಎದೆಯನ್ನು ಹಲಗೆಯ ಮೇಲಿಟ್ಟು ಟಕಟಕನೆ ಹೆಚ್ಚಿ, ಬಿಸಿಯಿರುವಾಗಲೇ ಒಳಗೆ ಜೋಡಿಸಿ, ಮೇಲೆ ತುರಿದ ಚೀಸು, ಲೆಟಿಸ್, ಈರುಳ್ಳಿ ಹಾಕುತ್ತಾರೆ. ಕಾಗದ ಸುತ್ತಿ ಕೈಗೆ ಕೊಡುವಷ್ಟರಲ್ಲಿ ಚೀಸು ಕರಗತೊಡಗಿರುತ್ತದೆ. ನನ್ನ ಆಯ್ಕೆ ಖಾರದ ಕೋಳಿ, ಬೆಣ್ಣೆ, ಹಸಿ ಈರುಳ್ಳಿ. ಖಾರವೆಂದರೆ ನಮ್ಮ ನಾಲಿಗೆಗೆ ಮೆಣಸಿನ ಪುಡಿಯ ನೆನಪು ಬರುವಷ್ಟು ಮಾತ್ರ. ಪಬ್ಬಿನ ಸ್ಟ್ಯೂವಿನ ಮೂರನೇ ಒಂದು ಭಾಗದ ದುಡ್ಡಿಗೆ ಹೊಟ್ಟೆ ತುಂಬುತ್ತದೆ. ಮಧ್ಯಾಹ್ನದ ಮಟ್ಟಿಗೆ ನನ್ನ ಮತ ರೋಲಿಗೇ.

ಬ್ರೆಡ್ಡಿನ ವಿಷಯಕ್ಕೆ ಬಂದರೆ ತೀರ್ಪು ತಿರುಗುತ್ತದೆ. ಹೆಚ್ಚಿನ ಮನೆಗಳಲ್ಲಿ ಬೆಳಿಗ್ಗೆ ಟೋಸ್ಟರಿಗೆ ಬೀಳುವುದು ಪ್ಯಾಕೆಟ್ಟಿನ ಹೋಳು ಬ್ರೆಡ್ಡು. ಅದರ ಪಕ್ಕದಲ್ಲಿ ಸೋಡಾ ಬ್ರೆಡ್ ಇಟ್ಟರೆ ಹೋಲಿಕೆಯೇ ಇಲ್ಲ. ಐರ್ಲೆಂಡಿನ ತೇವದ ಹವೆಯಲ್ಲಿ ಬೆಳೆಯುವ ಗೋಧಿ ಮೆದು, ಅಂಟು ಕಡಿಮೆ; ಯೀಸ್ಟ್ ಹಾಕಿ ಉಬ್ಬಿಸಲು ಒಗ್ಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಡುಗೆ ಸೋಡಾ ಬಂದಾಗ, ಬೆಣ್ಣೆ ಕಡೆದು ಉಳಿದ ಹುಳಿ ಮಜ್ಜಿಗೆ ಹೇಗೂ ಮನೆಯಲ್ಲಿತ್ತು. 450 ಗ್ರಾಂ ಮೈದಾ, ಒಂದು ಟೀ ಚಮಚ ಸೋಡಾ, ಒಂದು ಟೀ ಚಮಚ ಉಪ್ಪು, 400 ಮಿಲಿಲೀಟರಿನಷ್ಟು ಮಜ್ಜಿಗೆ. ನಾದಬಾರದು, ಬೆರಳು ಅಗಲಿಸಿ ಒಂದೆರಡು ಸುತ್ತು ತಿರುಗಿಸಿ ಒಟ್ಟುಗೂಡಿಸಿದರೆ ಸಾಕು. ಮೇಲೆ ಆಳವಾಗಿ ಅಡ್ಡಲಾಗಿ, ಉದ್ದಕ್ಕೆ ಎರಡು ಗೀರು ಎಳೆದು ಕೂಡಲೇ ಕಾದ ಓವನ್ನಿಗೆ ಇಡಬೇಕು. ತಳಕ್ಕೆ ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ. ಇಲ್ಲಿಯ ಅಂಗಡಿಗಳ ಬಟರ್‌ಮಿಲ್ಕ್ ನಮ್ಮ ನೀರು ಮಜ್ಜಿಗೆಯಂತಲ್ಲ, ಗಟ್ಟಿಯಾಗಿರುತ್ತದೆ. ಬೆಂಗಳೂರಿನಲ್ಲಿ ಮಾಡುವವರು ಹುಳಿ ಮೊಸರಿಗೆ ತುಸು ಹಾಲು ಬೆರೆಸಿಕೊಳ್ಳಲಿ. ಬೆಚ್ಚಗಿರುವಾಗಲೇ ಕತ್ತರಿಸಿ, ಉಪ್ಪು ಬೆಣ್ಣೆಯನ್ನು ಧಾರಾಳವಾಗಿ ಹಚ್ಚಿ, ಕಡು ಚಹಾದೊಂದಿಗೆ ತಿನ್ನಿ. ಇಡೀ ದ್ವೀಪದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ತಿನಿಸು ಇನ್ನೊಂದಿಲ್ಲ.

ಬ್ರೆಡ್ಡನ್ನು ಈ ದೇಶ ಕಾನೂನಿನಲ್ಲೂ ಗಟ್ಟಿಯಾಗಿ ಹಿಡಿದುಕೊಂಡಿದೆ. ಸಬ್‌ವೇ ರೋಲುಗಳಲ್ಲಿ ಹಿಟ್ಟಿನ ತೂಕದ 10 ಶೇಕಡ ಸಕ್ಕರೆಯಿದೆ, ತೆರಿಗೆ ಕಾಯ್ದೆಯ ಮಿತಿ 2 ಶೇಕಡ, ಹೀಗಾಗಿ ಅದಕ್ಕೆ ಬ್ರೆಡ್ಡಿನ ವಿನಾಯಿತಿ ಇಲ್ಲ ಎಂದು 2020ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಇನ್ನು ಕಾರ್ನ್ಡ್ ಬೀಫ್ ಮತ್ತು ಎಲೆಕೋಸು. ಅಮೆರಿಕದಲ್ಲಿ ಸೇಂಟ್ ಪ್ಯಾಟ್ರಿಕ್ ದಿನದ ಐರಿಷ್ ಊಟವೆಂದರೆ ಇದೇ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಉಪ್ಪು ಹಾಕಿದ ದನದ ಮಾಂಸ ಕಾರ್ಕ್ ಬಂದರಿನಿಂದ ಪೀಪಾಯಿಗಳಲ್ಲಿ ಹಡಗೇರುತ್ತಿತ್ತು, ನಿಜ. ಆದರೆ ಅದನ್ನು ಮಾಡಿದ ಬಡವರ ತಟ್ಟೆಗೆ ಅದು ಬರುತ್ತಿರಲಿಲ್ಲ. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ತಗಲಿ ಶುರುವಾದ ಮಹಾ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ನ್ಯೂಯಾರ್ಕಿನಲ್ಲಿ ನೆಲೆಸಿದವರಿಗೆ ಯಹೂದಿ ಕಟುಕರ ಅಂಗಡಿಯ ಉಪ್ಪು ಮಾಂಸ ಕೈಗೆಟುಕಿತು, ಹಬ್ಬದ ಊಟವಾಯಿತು. ಐರ್ಲೆಂಡಿನ ಮನೆಗಳಲ್ಲಿ ಉಳಿದದ್ದು ಹಂದಿಯ ಬೇಕನ್ ಮತ್ತು ಎಲೆಕೋಸು. ಲೀಟ್ರಿಮ್ ಕಡೆಯ ಸ್ನೇಹಿತನ ಮನೆಯಲ್ಲಿ ಅವನ ತಾಯಿ ಬೇಕನ್ ತುಂಡನ್ನು ರಾತ್ರಿಯೆಲ್ಲ ನೆನೆಸಿ ಉಪ್ಪು ಬಿಡಿಸಿ ಬೇಯಿಸಿದರು. ಅದೇ ನೀರಿನಲ್ಲಿ ಎಲೆಕೋಸು ಬೆಂದಿತು. ಪಾರ್ಸ್ಲಿ ಹಾಕಿದ ಬಿಳಿ ಸಾಸ್, ಸಿಪ್ಪೆ ಒಡೆದು ಒಳಗಿನ ಹಿಟ್ಟು ಕಾಣುವ ಆಲೂಗಡ್ಡೆ. ಮಸಾಲೆಯ ಸುಳಿವಿಲ್ಲ, ಆದರೂ ನಾನು ಎರಡನೆಯ ಸಲ ಹಾಕಿಸಿಕೊಂಡೆ. ಡಬ್ಬಿಯ ಕಾರ್ನ್ಡ್ ಬೀಫ್ ಇದರ ಹತ್ತಿರವೂ ಬರುವುದಿಲ್ಲ.

ರಾತ್ರಿಯ ಊಟಕ್ಕೆ ಡಬ್ಲಿನ್ನಿನ ಹಳಬರ ಆಯ್ಕೆ ಕಾಡಲ್: ಸಾಸೇಜು, ಬೇಕನ್, ಈರುಳ್ಳಿ, ಆಲೂಗಡ್ಡೆಗಳನ್ನು ಹುರಿಯದೆ ನೀರಿನಲ್ಲೇ ಬೇಯಿಸಿದ್ದು. ರಸ ಒಳ್ಳೆಯದು, ಬಿಳಿಚಿದ ಸಾಸೇಜು ನನಗೆ ಒಗ್ಗಲಿಲ್ಲ. ಆ ಹಳಬರ ಮೊಮ್ಮಕ್ಕಳು ಕೊಳ್ಳುವುದು ಸ್ಪೈಸ್ ಬ್ಯಾಗ್. 2010ರ ಆಸುಪಾಸಿನಲ್ಲಿ ಡಬ್ಲಿನ್ನಿನ ಚೈನೀಸ್ ಟೇಕ್‌ಅವೇಗಳಲ್ಲಿ ಹುಟ್ಟಿದ ಇದು ನಮ್ಮ ಗೋಬಿ ಮಂಚೂರಿಯ ಹಾಗೆ: ಚೀನೀಯರ ಹೆಸರಿನದು, ಚೀನಾದಲ್ಲಿ ಇಲ್ಲದ್ದು. ಕರಿದ ಕೋಳಿಯ ಎಳೆಗಳು, ಚಿಪ್ಸ್ (ಇಲ್ಲಿ ಉದ್ದುದ್ದ ಹೆಚ್ಚಿ ಕರಿದ ಆಲೂಗಡ್ಡೆ), ದಪ್ಪ ಮೆಣಸಿನಕಾಯಿ, ಈರುಳ್ಳಿ, ಉಪ್ಪು ಖಾರದ ಪುಡಿ ಎಲ್ಲವನ್ನೂ ಕಾಗದದ ಚೀಲದಲ್ಲಿ ಕುಲುಕಿ ಕೊಡುತ್ತಾರೆ. ಜೊತೆಗೆ ಮಸಾಲೆಯ ಕರ್ರಿ ಸಾಸ್ ಕೇಳಿ ಪಡೆಯಬೇಕು. ಇಲ್ಲಿ ಗೆಲುವು ಮೊಮ್ಮಕ್ಕಳದೇ.

ಸಸ್ಯಾಹಾರಿಗಳಿಗೆ ಹಳೆಯ ಅಡುಗೆಯೇ ಹೆಚ್ಚು ಅನುಕೂಲ. ಹಸಿ ಆಲೂಗಡ್ಡೆ ತುರಿದು, ಬೇಯಿಸಿದ್ದನ್ನು ಬೆರೆಸಿ ಕಾವಲಿಯ ಮೇಲೆ ಹುಯ್ಯುವ ಬಾಕ್ಸ್ಟಿ; ಹಿಸುಕಿದ ಆಲೂಗಡ್ಡೆಗೆ ಈರುಳ್ಳಿ ಸೊಪ್ಪು, ಹಾಲು, ಬೆಣ್ಣೆ ಸೇರಿಸುವ ಚ್ಯಾಂಪ್; ಎಲೆಕೋಸು ಅಥವಾ ಕೇಲ್ ಸೊಪ್ಪು ಹಾಕುವ ಕೋಲ್ಕ್ಯಾನನ್. ಬಾಕ್ಸ್ಟಿಯ ಒಳಗೆ ಮಾಂಸ ತುಂಬುವ ಹೋಟೆಲುಗಳಿವೆ, ಖಾಲಿಯದನ್ನು ಕೇಳಿ. ಚಿಪ್ಸ್ ಕೊಳ್ಳುವ ಮುನ್ನ ಯಾವ ಎಣ್ಣೆಯಲ್ಲಿ ಕರಿಯುತ್ತಾರೆಂದು ವಿಚಾರಿಸಿ. ಕೆಲವು ಹಳೆಯ ಅಂಗಡಿಗಳಲ್ಲಿ ಈಗಲೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ.