ಗ್ಯಾಸಿಗೆ ತಕ್ಕ ಮಾಸ್ಕ್: 3ಎಂ 6200 ಮುಖವಾಡ, 6003 ಕಾರ್ಟ್ರಿಜ್

ಡೊಂಬಿವಲಿ, ಅಂಬರನಾಥ, ತಲೋಜಾ, ತಾರಾಪುರದ ಎಂಐಡಿಸಿ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿ ಮಾಡುವ ನಮ್ಮ ಕಡೆಯ ಹುಡುಗರು ಮೂಗಿಗೆ ಕಟ್ಟಿಕೊಳ್ಳುವುದು ಒಂದೋ ಕರ್ಚೀಫು, ಇಲ್ಲವೇ ಎನ್95. ಎನ್95 ಧೂಳಿನ ಕಣ ಹಿಡಿಯುತ್ತದೆ. ಟಾಲ್ಯುಯೀನ್, ಬೆಂಜೀನ್, ಕ್ಲೋರಿನ್ ಅನಿಲರೂಪದಲ್ಲಿ ಗಾಳಿಯ ಜೊತೆಗೇ ಅದರ ನಾರುಗಳ ನಡುವಿನಿಂದ ನುಸುಳಿ ಬರುತ್ತವೆ. ಅವಕ್ಕೆ ಬೇಕಾದದ್ದು ಕಾರ್ಟ್ರಿಜ್, ಅಂದರೆ ಗಾಳಿ ಸೋಸುವ ಇಂಗಾಲ ತುಂಬಿದ ಡಬ್ಬಿ. ಮುಂಬೈ ಸುತ್ತಿನ ಕೆಮಿಕಲ್ ಕೆಲಸಕ್ಕೆ 3ಎಂ 6200 ಅರ್ಧ ಮುಖವಾಡಕ್ಕೆ 6003 ಕಾರ್ಟ್ರಿಜ್ ಜೋಡಿಸಿದರೆ ಒಳ್ಳೆಯ ಆಯ್ಕೆ. ಆದರೆ ತಪ್ಪಾಗಿ ಹಾಕಿಕೊಂಡರೆ ಕರ್ಚೀಫಿಗಿಂತ ಅಪಾಯಕಾರಿ, ಏಕೆಂದರೆ ಧೈರ್ಯ ಬಂದು ಮನುಷ್ಯ ಹೋಗಬಾರದ ಕಡೆಗೂ ಹೋಗುತ್ತಾನೆ.

ಇದು ಮೂಗು, ಬಾಯಿ, ಗದ್ದ ಮುಚ್ಚುವ ರಬ್ಬರಿನಂಥ ಮೆತ್ತನೆಯ ಮುಖವಾಡ. 6100 ಸಣ್ಣದು, 6200 ಮಧ್ಯಮ, 6300 ದೊಡ್ಡದು. ಎಡಬಲದ ಕಾರ್ಟ್ರಿಜ್‌ಗಳ ಮೂಲಕ ಉಸಿರು ಒಳಗೆ ಬರುತ್ತದೆ, ನಡುವಿನ ವಾಲ್ವಿನಿಂದ ಹೊರಗೆ ಹೋಗುತ್ತದೆ. ಜೋಪಾನ ಮಾಡಿದರೆ ಮುಖವಾಡ ಬಹಳ ಕಾಲ ಬಾಳುತ್ತದೆ, ಕಾರ್ಟ್ರಿಜ್ ಮತ್ತೆ ಮತ್ತೆ ಬದಲಿಸಬೇಕು. ಖರ್ಚಿನ ಲೆಕ್ಕ ಹಾಕುವಾಗ ಕಾರ್ಟ್ರಿಜ್ ಲೆಕ್ಕವನ್ನೇ ಹಾಕಿ.

ಕೊಳ್ಳುವಾಗ ಆಗುವ ದೊಡ್ಡ ಎಡವಟ್ಟು ಬಣ್ಣದ್ದು. ಮಾಸ್ಕ್‌ಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ ನಿಯೋಶ್‌ನ ಪದ್ಧತಿಯಲ್ಲಿ ಕಪ್ಪು ಪಟ್ಟಿ (6001) ಟಾಲ್ಯುಯೀನಿನಂಥ ದ್ರಾವಕಗಳ (ಸಾಲ್ವೆಂಟ್) ಆವಿಗೆ, ಬಿಳಿ (6002) ಆಮ್ಲ ಅನಿಲಕ್ಕೆ, ಹಸಿರು (6004) ಅಮೋನಿಯಾಕ್ಕೆ. ಹಳದಿ ಪಟ್ಟಿಯ 6003 ದ್ರಾವಕದ ಆವಿಯನ್ನೂ ಕ್ಲೋರಿನ್, ಹೈಡ್ರೋಜನ್ ಕ್ಲೋರೈಡ್, ಸಲ್ಫರ್ ಡೈಆಕ್ಸೈಡ್‌ನಂಥ ಆಮ್ಲ ಅನಿಲಗಳನ್ನೂ ಹಿಡಿಯುತ್ತದೆ. ಯುರೋಪಿನ ಪದ್ಧತಿಯಲ್ಲಿ ಹಳದಿ ಎಂದರೆ ಸಲ್ಫರ್ ಡೈಆಕ್ಸೈಡ್ ಬಗೆಯ ಅನಿಲ ಮಾತ್ರ, ದ್ರಾವಕಕ್ಕೆ ಅಲ್ಲಿ ಕಂದು. ನಮ್ಮ ಮಾರುಕಟ್ಟೆಯಲ್ಲಿ ಎರಡೂ ಸಿಗುತ್ತವೆ. ಆದ್ದರಿಂದ "ಹಳದಿ ಕೊಡಿ" ಎನ್ನಬೇಡಿ, ನಂಬರ್ ಹೇಳಿ.

6003ಕ್ಕೂ ಬಗ್ಗದವು ಇವೆ. ಕಾರ್ಬನ್ ಮೊನಾಕ್ಸೈಡನ್ನು ಅದು ತಡೆಯುವುದೇ ಇಲ್ಲ. ನೈಟ್ರಿಕ್ ಆಮ್ಲ ಬಳಸಿ ನೈಟ್ರೇಶನ್ ಮಾಡುವ ಘಟಕಗಳಲ್ಲಿ ಏಳುವ ಕಂದು ಹೊಗೆಗೆ, ಅಂದರೆ ನೈಟ್ರೋಜನ್ ಆಕ್ಸೈಡ್‌ಗಳಿಗೆ, ಇದನ್ನು ನಂಬಬಾರದು. ಮೆಥನಾಲ್, ಡೈಕ್ಲೋರೋಮೀಥೇನ್ ಇಂಗಾಲದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಬೇಗನೆ ಆಚೆ ಬರುತ್ತವೆ. ಔಷಧ ಕಾರ್ಖಾನೆಗಳಲ್ಲಿ ಇವೆರಡೂ ದಿನಬಳಕೆಯ ದ್ರಾವಕಗಳು. ಬಣ್ಣದ ಪುಡಿಯ ಕೆಲಸವಿದ್ದರೆ 5ಎನ್11 ಧೂಳು ಫಿಲ್ಟರನ್ನು 501 ಮುಚ್ಚಳದಲ್ಲಿಟ್ಟು ಕಾರ್ಟ್ರಿಜ್ ಮೇಲೆ ಒತ್ತಿ ಕೂರಿಸಬೇಕು. ಫಿಲ್ಟರಿನ ಅಚ್ಚಿರುವ ಮುಖ ಕಾರ್ಟ್ರಿಜ್ ಕಡೆಗಿರಲಿ. ಬರೀ 6003 ಧೂಳು ತಡೆಯುವುದಿಲ್ಲ.

ಇನ್ನು ಕೂರಿಸುವ ವಿಚಾರ. ಕಾರ್ಟ್ರಿಜ್‌ನ ಗುರುತನ್ನು ಮುಖವಾಡದ ಗುರುತಿಗೆ ಹೊಂದಿಸಿ, ಒತ್ತಿ, ಬಲಕ್ಕೆ ಕಾಲು ಸುತ್ತು ತಿರುಗಿಸಿ, ಗಟ್ಟಿಯಾಗಿ ನಿಲ್ಲುವ ತನಕ. ಮೇಲಿನ ಪಟ್ಟಿ ನೆತ್ತಿಯ ಮೇಲೆ, ಕೆಳಗಿನದು ಕುತ್ತಿಗೆಯ ಹಿಂದೆ. ಆಮೇಲೆ ನಡುವಿನ ವಾಲ್ವನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರು ಬಿಡಿ. ಮುಖವಾಡ ತುಸು ಉಬ್ಬಬೇಕು, ಅಂಚಿನಿಂದ ಗಾಳಿ ಸೋರಬಾರದು. ಎರಡೂ ಕಾರ್ಟ್ರಿಜ್ ಮುಚ್ಚಿ ಉಸಿರೆಳೆದರೆ ಒಳಕ್ಕೆ ಕುಗ್ಗಬೇಕು. ಪ್ರತಿ ಸಲ ಹಾಕಿಕೊಂಡಾಗಲೂ ಇದನ್ನು ಮಾಡಬೇಕು, ಹತ್ತು ಸೆಕೆಂಡಿನ ಕೆಲಸ. ಸೋರುವುದು ಹೆಚ್ಚಾಗಿ ಮೂಗಿನ ಇಕ್ಕೆಲದಲ್ಲಿ, ಇಲ್ಲವೇ ಗದ್ದದ ಕೆಳಗೆ. ಅದಕ್ಕೆ ಕಾರಣ ಗಡ್ಡ. ಒಂದು ದಿನದ ಕುರುಚಲೂ ಅಂಚನ್ನು ಚರ್ಮದಿಂದ ಎತ್ತಿ ಹಿಡಿಯುತ್ತದೆ. ಪಟ್ಟಿ ಎಷ್ಟು ಬಿಗಿದರೂ ಅದು ಸರಿಹೋಗುವುದಿಲ್ಲ. ಕಾರ್ಖಾನೆಯಲ್ಲಿ ಫಿಟ್ ಟೆಸ್ಟ್ ಮಾಡಿಸುವಂತೆ ಕೇಳಿ. ಬಾಳೆಹಣ್ಣಿನ ವಾಸನೆಯ ಐಸೊಅಮೈಲ್ ಅಸಿಟೇಟ್ ಬಳಸಿ ಮಾಡುವ ಪರೀಕ್ಷೆ ಅದು. ಮಾಸ್ಕಿನೊಳಗೆ ಆ ವಾಸನೆ ಬಂದರೆ ಆ ಅಳತೆ ನಿಮ್ಮ ಮುಖದ್ದಲ್ಲ, ಇನ್ನೊಂದು ಅಳತೆ ನೋಡಬೇಕು.

ಕಾರ್ಟ್ರಿಜ್ ಎಷ್ಟು ದಿನ ಬರುತ್ತದೆ? ಎಲ್ಲರೂ ಕೇಳುವ ಪ್ರಶ್ನೆ ಇದೇ. "ವಾಸನೆ ಬಂದಾಗ ಬದಲಿಸಿ" ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ, ಅದು ತಪ್ಪು. ಬೆಂಜೀನ್ ವಾಸನೆ ಮೂಗಿಗೆ ತಿಳಿಯುವಷ್ಟರಲ್ಲಿ ಸುರಕ್ಷಿತ ಮಿತಿ ದಾಟಿರಬಹುದು. ಅದು ರಕ್ತದ ಕ್ಯಾನ್ಸರ್ ತರುವ ವಸ್ತು ಎಂಬುದರಲ್ಲಿ ಅನುಮಾನವಿಲ್ಲ. ಫೋಮ್ ತಯಾರಿಕೆಯ ಟಿಡಿಐ ಎಂಬ ರಾಸಾಯನಿಕ ಕೂಡ ಹಾಗೆಯೇ ಮೂಗಿಗೆ ಮೋಸ ಮಾಡುತ್ತದೆ. ಬಳಕೆಯಲ್ಲಿರುವ ಅಂದಾಜು ಸೂತ್ರ ಹೀಗಿದೆ: ದ್ರಾವಕದ ಕುದಿಬಿಂದು 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿದ್ದು, ಗಾಳಿಯಲ್ಲಿ 200 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 200 ಭಾಗ) ಕಡಿಮೆ ಇದ್ದರೆ ಸಾಮಾನ್ಯ ದುಡಿಮೆಯಲ್ಲಿ ಸುಮಾರು 8 ಗಂಟೆ. ಗಾಳಿಯಲ್ಲಿರುವ ಪ್ರಮಾಣ ಹತ್ತನೇ ಒಂದಕ್ಕೆ ಇಳಿದರೆ ಆಯುಷ್ಯ ಐದು ಪಟ್ಟು. ಕೆಲಸ ಎರಡು ಪಟ್ಟು ಜೋರಾದರೆ ಅರ್ಧ. ತೇವಾಂಶ ಶೇ. 85 ದಾಟಿದರೂ ಅರ್ಧ. ಮುಂಬೈಯ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೊನೆಯ ಮಾತು ನೆನಪಿರಲಿ: ಬೇಸಿಗೆಯಲ್ಲಿ ಒಂದು ಪಾಳಿ ಬಂದದ್ದು ಮಳೆಗಾಲದಲ್ಲಿ ಊಟದ ಹೊತ್ತಿಗೇ ಮುಗಿಯಬಹುದು. ಟಾಲ್ಯುಯೀನ್ 111 ಡಿಗ್ರಿಯಲ್ಲಿ ಕುದಿಯುತ್ತದೆ, ಅದಕ್ಕೆ ಈ ಸೂತ್ರ ಹೊಂದುತ್ತದೆ. ಅಸಿಟೋನ್ 56, ಡೈಕ್ಲೋರೋಮೀಥೇನ್ 40, ಇವಕ್ಕೆ ಹೊಂದುವುದಿಲ್ಲ. ಕುದಿಬಿಂದು ಡ್ರಮ್ಮಿನ ಜೊತೆ ಬರುವ ಎಸ್‌ಡಿಎಸ್ (ಸುರಕ್ಷತಾ ಮಾಹಿತಿ) ಹಾಳೆಯ 9ನೇ ವಿಭಾಗದಲ್ಲಿದೆ, ಯಾವ ರಕ್ಷಣೆ ಬೇಕೆಂಬುದು 8ನೆಯದರಲ್ಲಿ. ಆ ಹಾಳೆ ತೋರಿಸಿ ಎಂದು ಸೂಪರ್‌ವೈಸರನ್ನು ಕೇಳುವುದು ನಿಮ್ಮ ಹಕ್ಕು. ಕೆಲಸಕ್ಕೆ ಬೇಕಾದ ಮಾಸ್ಕ್, ಕಾರ್ಟ್ರಿಜ್ ಕೊಡುವ ಹೊಣೆ ಗುತ್ತಿಗೆ ಕಾರ್ಮಿಕರ ವಿಷಯದಲ್ಲೂ ಮಾಲೀಕರದೇ.

ಪೊಟ್ಟಣ ಒಡೆದ ದಿನವನ್ನು ಕಾರ್ಟ್ರಿಜ್ ಮೇಲೆ ಮಾರ್ಕರಿನಿಂದ ಬರೆಯಿರಿ. ಪಾಳಿ ಮುಗಿದ ಮೇಲೆ ಜಿಪ್ ಚೀಲದಲ್ಲಿ ಮುಚ್ಚಿಡಿ. ಲಾಕರಿನಲ್ಲಿ ಬಿಚ್ಚಿಟ್ಟರೆ ರಾತ್ರಿಯಿಡೀ ಅಲ್ಲಿನ ಗಾಳಿಯನ್ನು ಹೀರುತ್ತಲೇ ಇರುತ್ತದೆ. ಮುಖವಾಡವನ್ನು ಕಾರ್ಟ್ರಿಜ್ ತೆಗೆದು ಉಗುರು ಬೆಚ್ಚಗಿನ ನೀರು, ಸಾದಾ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಥಿನ್ನರ್ ತಾಗಿಸಬೇಡಿ. ಕಾರ್ಟ್ರಿಜ್‌ಗೆ ನೀರು ಬೀಳಲೇಬಾರದು.

ಇದರ ಶಕ್ತಿಗೂ ಮಿತಿಯಿದೆ. ಅರ್ಧ ಮುಖವಾಡಕ್ಕೆ ಒಪ್ಪಿದ ರಕ್ಷಣೆ ಅನುಮತಿಸಿದ ಮಿತಿಯ ಹತ್ತು ಪಟ್ಟಿನ ತನಕ ಮಾತ್ರ. ಕ್ಲೋರಿನ್‌ಗೆ ಅನುಮತಿಸಿದ ಮಿತಿ 1 ಪಿಪಿಎಂ, 10 ಪಿಪಿಎಂ ಎಂದರೆ ಪ್ರಾಣಕ್ಕೇ ಕುತ್ತು. ಅಂದಮೇಲೆ ಸೋರಿಕೆಯಾದಾಗ ಇದನ್ನು ಹಾಕಿಕೊಂಡು ವಾಲ್ವ್ ಮುಚ್ಚಲು ಓಡಬಾರದು. ಸಿಲಿಂಡರ್ ಗಾಳಿಯ ಸೆಟ್ ಇದ್ದವರು ಮಾಡುವ ಕೆಲಸ ಅದು. ಡೊಂಬಿವಲಿಯಲ್ಲಿ 2016ರ ಮೇ, 2024ರ ಮೇ ತಿಂಗಳಲ್ಲಿ ಆದಂಥ ಸ್ಫೋಟಗಳಲ್ಲಿ ಯಾವ ಮಾಸ್ಕೂ ಕಾಯುವುದಿಲ್ಲ. ಇಟಿಪಿ (ತ್ಯಾಜ್ಯನೀರು ಶುದ್ಧೀಕರಣ ಘಟಕ) ಟ್ಯಾಂಕಿಗೆ ಇಳಿಯುವುದಂತೂ ಬೇಡವೇ ಬೇಡ. ಅಲ್ಲಿ ಆಮ್ಲಜನಕವೇ ಕಡಿಮೆಯಿರಬಹುದು, ಮಾಸ್ಕ್ ಆಮ್ಲಜನಕ ಕೊಡುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ ಮುಟ್ಟಿದರೆ ಮೂಗನ್ನೇ ಸಾಯಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆ ನಿಂತಿತೆಂದರೆ ಗ್ಯಾಸ್ ಹೋಯಿತೆಂದಲ್ಲ. ಆ ಅನಿಲಕ್ಕೆ 6003 ಇರುವುದು ತಪ್ಪಿಸಿಕೊಂಡು ಹೊರಬರಲು ಮಾತ್ರ. ಕಣ್ಣಿಗೂ ಇದರಿಂದ ರಕ್ಷಣೆಯಿಲ್ಲ, ಆಮ್ಲ ಅನಿಲವಿದ್ದರೆ ಗಾಳಿ ನುಗ್ಗದ ಕನ್ನಡಕ ಬೇರೆಯೇ ಬೇಕು.

ಕಾರ್ಖಾನೆಗಳ ಆಸುಪಾಸಿನ ಮಾಹುಲ್, ಚೆಂಬೂರು, ಡೊಂಬಿವಲಿಯ ಮನೆಗಳಲ್ಲಿರುವವರಿಗೆ ಈ ಮಾಸ್ಕ್ ಹಾಕಿಕೊಳ್ಳಿ ಎಂದು ನಾವು ಹೇಳುವುದಿಲ್ಲ. ಮಕ್ಕಳ ಮುಖಕ್ಕೆ ಕೂರುವುದಿಲ್ಲ, ದಮ್ಮು ಇರುವವರಿಗೆ ಉಸಿರೆಳೆಯುವುದೇ ಭಾರ, ಯಾರೂ ಇದನ್ನು ಹಾಕಿಕೊಂಡು ನಿದ್ದೆ ಮಾಡಲಾರರು. ಅವರು ತಿಳಿದಿರಬೇಕಾದ ವಿಷಯ ಬೇರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ತೋರಿಸುವ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಎಂಟು ಮಾಲಿನ್ಯಕಾರಕಗಳ ಲೆಕ್ಕ, ಅದರಲ್ಲಿ ಬೆಂಜೀನ್ ಇಲ್ಲ. ವರ್ಷದ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಂ ಎಂದು 2009ರಲ್ಲೇ ಬೆಂಜೀನ್ ಮಿತಿ ಗೊತ್ತುಮಾಡಿದ್ದರೂ, ಸೂಚ್ಯಂಕ ಹಸಿರು ತೋರಿಸುವ ದಿನವೂ ಅದು ಗಾಳಿಯಲ್ಲಿರಬಹುದು. ರಾತ್ರಿ ವಾಸನೆ ಬಂದರೆ ಸಮಯ, ಗಾಳಿಯ ದಿಕ್ಕು, ವಾಸನೆಯ ಬಗೆ ಬರೆದಿಟ್ಟು ಎಂಪಿಸಿಬಿಗೆ (ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಲಿಖಿತ ದೂರು ಕೊಡಿ.

ಕೊಳ್ಳಲು ಮುಂಬೈಯ ನಾಗದೇವಿ ಸ್ಟ್ರೀಟ್ ಸುತ್ತಿನ ಅಂಗಡಿಗಳಿಗೆ ಹೋಗುವವರು ಬಿಲ್ಲು ಕೇಳಿ. ಕಾರ್ಟ್ರಿಜ್ ಮುಚ್ಚಿದ ಪೊಟ್ಟಣದಲ್ಲೇ ಇರಬೇಕು, ಕೊನೆಯ ದಿನಾಂಕ ಅಳಿಸಿರಬಾರದು. ಬಿಡಿಯಾಗಿ ಡಬ್ಬದಿಂದ ತೆಗೆದುಕೊಟ್ಟರೆ ಎಷ್ಟು ಅಗ್ಗವಾದರೂ ಬೇಡ ಅನ್ನಿ. ಬೆವರಿಗೆ 6200 ಜಾರುತ್ತದೆ, ಇದು ನಮ್ಮ ನಿಜವಾದ ತಕರಾರು. ದಿನಕ್ಕೆ ನಾಲ್ಕಾರು ಗಂಟೆ ಹಾಕುವವರು ಸ್ವಲ್ಪ ಹೆಚ್ಚು ಕೊಟ್ಟು ಸಿಲಿಕೋನಿನ 7500 ಸರಣಿ ತೆಗೆದುಕೊಳ್ಳಲಿ, ಇದೇ ಕಾರ್ಟ್ರಿಜ್ ಅದಕ್ಕೂ ಕೂರುತ್ತದೆ. 6200ನ್ನೇ ಕೊಂಡರೆ ಹೊರವಾಲ್ವ್ 6889 ಒಂದೆರಡು ಜೊತೆಗಿರಲಿ. ಅದರ ತೆಳು ಹಾಳೆಗೆ ಒಂದು ಕೂದಲು ಸಿಕ್ಕಿಕೊಂಡರೂ ಸೋರುತ್ತದೆ.